ಅಕ್ಕ ನಗುಮುಖ ಮಾಡಿಸಿಕೊಂಡಿದ್ದು

ಮುಖ ನೋಡಿದ ತಕ್ಷಣ ಮನಸ್ಸಿನಲ್ಲಿರುವುದನ್ನು ಹೇಳಿಬಿಡುವ ಪಂಡಿತರು ನಮ್ಮ ಕಡೆ ಜಾಸ್ತಿ. ಹಾಗಾಗಿ ನಮ್ಮ ಮನೆಗೆ ಎಡವಟ್ಟು ಎನ್ನುವುದು ಯಾವತ್ತೂ ತಪ್ಪಿದ್ದಿಲ್ಲ. ಅದಕ್ಕೆಲ್ಲ ಕಾರಣ ನಮ್ಮಕ್ಕನ ಮುಖ.

ನಾನು ಹಳೇಬೀಡಿನ ದೇವಸ್ಥಾನದಲ್ಲಿ ಗೈಡು. ಬಂದವರಿಗೆ ಕಲ್ಲಿನ ಮುಖಗಳನ್ನು ತೋರಿಸಿ, ‘ಈ ಭಾವ ನೋಡಿ, ಆ ಭಾವ ನೋಡಿ’ ಅಂತ ಗಂಟಲು ಹರಿದುಕೊಳ್ಳುವುದು ನನ್ನ ಹೊಟ್ಟೆಪಾಡು. ಅಕ್ಕ ಜಾವಗಲ್ಲಿನ ಹೈಸ್ಕೂಲಿನಲ್ಲಿ ಲೆಕ್ಕದ ಟೀಚರ್. ಮದುವೆ ಬೇಡ ಅಂದವಳು ಮೊದಲಿನಿಂದಲೂ ನಮ್ಮ ಜೊತೆಯಲ್ಲೇ ಇದ್ದಾಳೆ. ಅವಳಷ್ಟು ನಗುವ, ನಗಿಸುವ ಹೆಂಗಸನ್ನು ನಾನು ಬೇರೆ ನೋಡಿಲ್ಲ. ಆದರೆ ಅವಳ ಕಣ್ಣಿನ ಕೆಳಗೆ ಒಂದೊಂದು ಚೀಲ, ಚೀಲದ ಕೆಳಗೆ ಒಂದೊಂದು ಗುಂಡಿ, ಗುಂಡಿಯ ಕೆಳಗೆ ಜೋತುಬಿದ್ದ ಕೆನ್ನೆ. ನೋಡಿದವರಿಗೆ ಈಗತಾನೇ ಅತ್ತು ಮುಖ ತೊಳೆದುಕೊಂಡು ಬಂದವಳಂತೆ ಕಾಣುತ್ತಿದ್ದಳು. ಚಿಕ್ಕಂದಿನಲ್ಲೂ ಹಾಗೇ ಇದ್ದಳು, ವಯಸ್ಸಾಗುತ್ತ ಇನ್ನಷ್ಟು ಹೆಚ್ಚಾಯಿತು.

ಸ್ಕೂಲಿನ ಗ್ರೂಪ್ ಫೋಟೋಗಳು ನಮ್ಮ ಹಜಾರದ ಗೋಡೆ ತುಂಬ ಇವೆ. ಅಮ್ಮನಿಗೆ ಕಣ್ಣು ಮಂಜು. ಆದರೂ ಯಾವ ಫೋಟೋ ಕೈಗೆ ಕೊಟ್ಟರೂ ಅವಳ ಬೆರಳು ನೇರವಾಗಿ ಅಕ್ಕನ ಮೇಲೆ ಹೋಗಿ ನಿಲ್ಲುತ್ತಿತ್ತು. “ಅಳ್ತಾ ಕುಂತಿರೋಳು ನನ್ ಮಗಳು ಕಣ್ಲಾ. ಅದ್ರಲ್ಲಿ ಹುಡುಕೋದೇನೈತೆ?” ಅನ್ನುತ್ತಿದ್ದಳು.

ಅಕ್ಕನಿಗಿದ್ದದ್ದು ಒಂದೇ ಆಸೆ. ರಿಟೈರ್ ಆಗುವ ದಿನ ತೆಗೆಯುವ ಫೋಟೋದಲ್ಲಾದರೂ ತಾನು ನಗುತ್ತ ಕೂತಂತೆ ಕಾಣಬೇಕು.

ಸಾವಿನ ಮನೆಯ ಮರ್ಯಾದೆ

ಅಕ್ಕನ ಜೊತೆ ಕೆಲಸ ಮಾಡುವ ಮೇಷ್ಟ್ರೊಬ್ಬರ ತಂದೆ ಮಾದಿಹಳ್ಳಿಯಲ್ಲಿ ತೀರಿಕೊಂಡರು. ಅಕ್ಕ ಆ ಯಜಮಾನರ ಮುಖವನ್ನು ಒಂದು ಸಲವೂ ನೋಡಿದವಳಲ್ಲ. ಸಹೋದ್ಯೋಗಿಯ ಮನೆ, ಹೋಗಿ ಹಾರ ಹಾಕಿ ಬಂದುಬಿಡೋಣ ಅಂತ ಸ್ಕೂಲಿನಿಂದ ನೇರವಾಗಿ ಹೋದಳು.

ಬಾಗಿಲಲ್ಲೇ ಒಬ್ಬ ಅಜ್ಜಿ ಅವಳ ಮುಖ ನೋಡಿ ತಬ್ಬಿಕೊಂಡಳು. “ಸಮಾಧಾನ ಮಾಡ್ಕೋ ಕಣವ್ವಾ. ನೀನೇ ಹಿಂಗಾದ್ರೆ ಮಿಕ್ಕೋರ ಗತಿ ಏನು?” ಅಂತ ಒಳಗೆ ಕರೆದುಕೊಂಡು ಹೋಗಿ ಹೆಣದ ಪಕ್ಕದಲ್ಲೇ ಕೂರಿಸಿದಳು. ಇಬ್ಬರು ಬಂದು ಆ ಕಡೆ ಈ ಕಡೆ ರಟ್ಟೆ ಹಿಡಿದುಕೊಂಡರು. ಯಾರೋ ಎಳನೀರು ತಂದು ಕುಡಿಸಿದರು, ಇನ್ಯಾರೋ ಬೀಸಣಿಗೆ ಹಿಡಿದರು. ತೀರಿಕೊಂಡವರ ಹೆಣ್ಣುಮಕ್ಕಳು ಮಾತ್ರ ಮೂಲೆಯಲ್ಲಿ ಕೇಳುವವರಿಲ್ಲದೆ ನಿಂತಿದ್ದರು.

ಅಷ್ಟರಲ್ಲಿ ಮೇಷ್ಟ್ರು ಓಡಿ ಬಂದು, “ಅಜ್ಜೀ, ಅವರನ್ನ ಬಿಡಿ. ಅವರು ನಮ್ಮ ಸ್ಕೂಲಿನ ಲೆಕ್ಕದ ಮೇಡಂ” ಅಂದರು.

ಅಜ್ಜಿ ಬಿಡಲಿಲ್ಲ. ಮೂಲೆಯ ಕಡೆ ತಿರುಗಿ, “ನೋಡ್ರೇ! ಲೆಕ್ಕ ಹೇಳ್ಕೊಡೋಳಿಗೇ ಇಷ್ಟು ಸಂಕಟ ಆಗೈತೆ. ನೀವು ಹೊಟ್ಟೇಲಿ ಹುಟ್ಟಿದ ಮಕ್ಳು!” ಅಂತ ಗದರಿದಳು.

ಉಪ್ಪಿಟ್ಟು, ಕೇಸರಿಬಾತು ಮತ್ತು ಅನುಮಾನ

ಇದಾದರೂ ನಗುವ ವಿಷಯ. ಮುಂದಿನದಕ್ಕೆ ಆವತ್ತು ನಮಗೆ ನಗು ಬರಲಿಲ್ಲ.

ನನ್ನ ಮಗಳನ್ನು ನೋಡಲು ಅರಸೀಕೆರೆಯಿಂದ ಗಂಡಿನ ಕಡೆಯವರು ಬಂದರು. ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಸಂಭ್ರಮ ಅಕ್ಕನಿಗೆ. ಕೇಸರಿಬಾತು ಅವಳದೇ ಕೈಯದು. ಬಂದವರ ಎದುರು ಕೂತು ಬಾಯಿ ತುಂಬ ಮಾತಾಡಿದಳು. ಸ್ವಲ್ಪ ಹೊತ್ತಿಗೆ ಹುಡುಗನ ಸೋದರಮಾವ ನನ್ನನ್ನು ಜಗಲಿಗೆ ಕರೆದರು.

“ಸ್ವಾಮೀ, ತಪ್ಪು ತಿಳ್ಕೋಬೇಡಿ. ಹುಡುಗಿಗೆ ಈ ಸಂಬಂಧ ಇಷ್ಟ ಐತೆ ತಾನೆ?”

“ಇದೆಯಲ್ಲ. ಯಾಕ್ರೀ?”

“ಅಲ್ಲಾ, ಅವಳ ಸೋದರತ್ತೆ ನಾವು ಬಂದಾಗಿಂದ ಕಣ್ಣು ತುಂಬ್ಕೊಂಡೇ ಕುಂತವ್ರೆ.”

“ಅದು ಅವಳ ಸಂತೋಷದ ಮುಖ ಕಣ್ರೀ” ಅಂದೆ.

ಅವರು ಒಂದು ಸಲ ಒಳಗೆ ಇಣುಕಿ ನೋಡಿ, “ಸಂತೋಷಕ್ಕೇ ಹಿಂಗಿದ್ರೆ, ದುಃಖ ಬಂದಾಗ ನಿಮ್ಮನೇಲಿ ಬಕೆಟ್ ಇಡ್ತೀರಾ?” ಅಂದರು.

ಹೊರಡುವಾಗ ‘ಊರಿಗೆ ಹೋಗಿ ತಿಳಿಸ್ತೀವಿ’ ಅಂದರು. ಆ ಮಾತಿನ ಅರ್ಥ ಹೆಣ್ಣು ಹೆತ್ತವರಿಗೆಲ್ಲ ಗೊತ್ತು. ಆಮೇಲೆ ಮಗಳೇ ಧೈರ್ಯ ಮಾಡಿ ಹುಡುಗನಿಗೆ ಫೋನ್ ಮಾಡಿ ಎಲ್ಲ ಬಿಡಿಸಿ ಹೇಳಿದಳು, ಮದುವೆಯೂ ಆಯಿತು. ಆದರೆ ಆ ಸಂಜೆ ಅಕ್ಕ ಊಟಕ್ಕೆ ಬರಲಿಲ್ಲ. “ನನ್ನ ಮುಖ ಅದರ ಪಾಡಿಗೆ ಅಳ್ಕೊಂಡಿರ್ಲಿ ಕಣೋ. ಮಗುವಿನ ಮದುವೆ ಕೆಡಿಸೋದು ಬೇಡ” ಅಂದಳು. ನಿಜವಾಗಲೂ ಅಳುತ್ತಿದ್ದಾಳೋ ಇಲ್ಲವೋ ಅಂತ ನಾನು ಹತ್ತಿರದಿಂದ ನೋಡಿದೆ. ಇಷ್ಟು ವರ್ಷ ಜೊತೆಯಲ್ಲಿದ್ದ ನನಗೂ ಗೊತ್ತಾಗಲಿಲ್ಲ. ಕಣ್ಣಿನ ಚೀಲ, ಕೆನ್ನೆ ಸರಿಮಾಡುವ ಆಪರೇಷನ್ ಇದೆಯಂತೆ ಅಂತ ಮಗಳು ಎಲ್ಲೆಲ್ಲೋ ವಿಚಾರಿಸಿ ಹೇಳಿದಾಗ ಅಕ್ಕನಿಗಿಂತ ಮೊದಲು ನಾನೇ ‘ಸರಿ’ ಅಂದೆ.

ಡಾಕ್ಟರಮ್ಮನ ಮುಂದೆ

ಅರಸೀಕೆರೆಯಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋದೆವು. ಡಾಕ್ಟರಮ್ಮ ನನ್ನ ಮಗಳಿಗಿಂತ ನಾಲ್ಕಾರು ವರ್ಷ ದೊಡ್ಡವರಿರಬಹುದು, ಅಷ್ಟೆ. ವಯಸ್ಸಿನಲ್ಲಿದ್ದಾಗ ಮುಖ ಹೇಗಿತ್ತು ನೋಡಬೇಕು, ಹಳೆಯ ಫೋಟೋ ತನ್ನಿ ಅಂದಿದ್ದರು. ಅಕ್ಕ ಕೊಟ್ಟ ಫೋಟೋವನ್ನು ತುಂಬ ಹೊತ್ತು ನೋಡಿ, ದನಿ ತಗ್ಗಿಸಿ ಕೇಳಿದರು: “ಕ್ಷಮಿಸಿ ಮೇಡಂ, ಇದು ಮನೇಲಿ ಯಾರಾದ್ರೂ ಹೋದಾಗ ತೆಗೆದಿದ್ದಾ?”

“ಇಲ್ಲ, ನನಗೆ ಕೆಲಸದ ಆರ್ಡರ್ ಬಂದ ದಿನ ತೆಗೆದಿದ್ದು” ಅಂದಳು ಅಕ್ಕ.

ಡಾಕ್ಟರಮ್ಮ ನಗು ತಡೆದುಕೊಂಡು ಪೇಪರ್ ಮೇಲೆ ಮುಖ ಬರೆದು ವಿವರಿಸಿದರು. ಕಣ್ಣಿನ ಕೆಳಗಿನ ಕೊಬ್ಬು ತನ್ನ ಜಾಗ ಬಿಟ್ಟು ಮುಂದೆ ಬಂದು ಚೀಲವಾಗಿದೆ. ಅದನ್ನು ಕತ್ತರಿಸಿ ಬಿಸಾಡುವುದಿಲ್ಲ. ರೆಪ್ಪೆಯ ಒಳಗಡೆಯಿಂದ ಹೋಗಿ ಅದನ್ನೇ ಕೆಳಕ್ಕೆ ಸರಿಸಿ ಗುಂಡಿ ತುಂಬುತ್ತಾರೆ. ಜಾರಿದ ಕೆನ್ನೆಯನ್ನು ಎತ್ತಿ ಮೊದಲಿದ್ದ ಜಾಗದಲ್ಲಿ ಕೂರಿಸುತ್ತಾರೆ.

ನಾನು ಬಾಯಿ ಬಿಟ್ಟುಕೊಂಡು ಕೇಳಿದೆ. ನಮ್ಮ ಶಿಲ್ಪಿಗಳ ಕೈಚಳಕವನ್ನು ದಿನಾ ಹೊಗಳಿ ಬದುಕುವವನು ನಾನು. ಆದರೆ ಅವರಿಗೂ ಗೊತ್ತಿದ್ದದ್ದು ಕೆತ್ತಿ ತೆಗೆಯುವುದೊಂದೇ. ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಕಲ್ಲನ್ನು ಸರಿಸಿದವರು ಇಡೀ ದೇವಸ್ಥಾನದಲ್ಲಿ ಒಬ್ಬರೂ ಇಲ್ಲ. ತಡೆಯಲಾರದೆ ಅದನ್ನು ಡಾಕ್ಟರಮ್ಮನಿಗೇ ಹೇಳಿದೆ. ಹೇಳುತ್ತ ಹೇಳುತ್ತ ನಮ್ಮ ಬಳಪದ ಕಲ್ಲು, ಅದು ಮೊದಲು ಮೆತ್ತಗಿದ್ದು ಆಮೇಲೆ ಗಟ್ಟಿಯಾಗುವುದು, ಎಲ್ಲ ಬಂತು. ಹೊರಗೆ ಪೇಷಂಟುಗಳು ಕಾಯುತ್ತಿದ್ದಾರೆ ಅಂತ ಅಕ್ಕ ನನ್ನ ಕಾಲು ತುಳಿದಳು.

ಆಪರೇಷನ್ ಮುಗಿಸಿ ಬಂದ ಡಾಕ್ಟರಮ್ಮ ನನಗೆ ಹೇಳಿದರು: “ಎಲ್ಲ ಚೆನ್ನಾಗಾಯ್ತು. ಆದ್ರೆ ನಿಮ್ಮ ಶಿಲ್ಪಿಗಳೇ ಪುಣ್ಯವಂತರು ಬಿಡಿ, ಕಲ್ಲು ಸುಮ್ನಿರ್ತಿತ್ತು. ನಿಮ್ಮಕ್ಕ ಅರೆಮತ್ತಿನಲ್ಲಿ ಪೂರ್ತಿ ಮಗ್ಗಿ ಹೇಳಿದ್ರು. ನಡುವೆ ನಿಲ್ಲಿಸಿ ‘ಮುಂದೆ ನೀನು ಹೇಳು’ ಅಂದ್ರು. ನಮ್ಮ ನರ್ಸು ತಪ್ಪು ಹೇಳಿ ಬೈಸ್ಕೊಂಡ್ಳು.”

ಇದು ಎಷ್ಟು ಬೆರಳು?

ಊರಿಗೆ ಬಂದಾಗ ಅಕ್ಕನ ಕಣ್ಣ ಸುತ್ತ ನೇರಳೆಹಣ್ಣಿನ ಬಣ್ಣ, ಕೆನ್ನೆ ಊದಿಕೊಂಡು ಹೋಳಿಗೆ ಹೂರಣದ ಉಂಡೆ. ಮೇಲೆ ಕಪ್ಪು ಕನ್ನಡಕ. ಊರವರಿಗೆ ‘ಕಣ್ಣಿನ ಆಪರೇಷನ್’ ಅಂತಷ್ಟೇ ಹೇಳಿ ಅಂತ ನಮಗೆಲ್ಲ ಅವಳ ಕಟ್ಟಪ್ಪಣೆ. ಸುಳ್ಳೇನೂ ಅಲ್ಲವಲ್ಲ, ಹಾಗೇ ಹೇಳಿದೆವು.

ಕಣ್ಣಿನ ಆಪರೇಷನ್ ಅಂದರೆ ನಮ್ಮ ಕಡೆ ಒಂದೇ, ಪೊರೆ ತೆಗೆಸುವುದು. ಆಪರೇಷನ್ ಆದವರನ್ನು ನೋಡಿಕೊಂಡು ಬರದಿದ್ದರೆ ಜನಕ್ಕೆ ತಿಂದ ಅನ್ನ ಅರಗುವುದಿಲ್ಲ. ಬ್ರೆಡ್ಡು, ಮೂಸಂಬಿ ಹಿಡಿದುಕೊಂಡು ಸಾಲುಸಾಲಾಗಿ ಬಂದರು. ಬಂದವರೆಲ್ಲ ಮಾಡಿದ್ದು ಒಂದೇ ಕೆಲಸ. ಕೈ ಎತ್ತಿ ಬೆರಳು ಬಿಡಿಸಿ, “ಇದು ಎಷ್ಟು, ಹೇಳಿ ನೋಡಣ” ಅನ್ನುವುದು. ಹಗರೆಯ ನಮ್ಮ ನೆಂಟರಂತೂ ಹಿಂದೆ ಹಿಂದೆ ಹೆಜ್ಜೆ ಇಡುತ್ತ ಬೆರಳು ತೋರಿಸಿ, ಕೊನೆಗೆ ರಸ್ತೆಗೇ ಹೋಗಿ ನಿಂತುಕೊಂಡರು.

ನಮ್ಮ ಬಸ್‌ಸ್ಟ್ಯಾಂಡಿನ ಹತ್ತಿರ ಪಂಕ್ಚರ್ ಅಂಗಡಿ ಇಟ್ಟಿರುವ ಒಬ್ಬನಿದ್ದಾನೆ. ಅಕ್ಕನ ಹಳೇ ಶಿಷ್ಯ. ಹತ್ತನೇ ಕ್ಲಾಸಿನಲ್ಲಿ ಲೆಕ್ಕದ ಪರೀಕ್ಷೆಗೆ ಕೂತು ಕೂತು, ಕೊನೆಗೆ ಪರೀಕ್ಷೆಯನ್ನೇ ಕೈಬಿಟ್ಟವನು. ಅವನೂ ಬಂದ. ಚಪ್ಪಲಿ ಹೊರಗೆ ಬಿಟ್ಟು, ಭಯಭಕ್ತಿಯಿಂದ ನಿಂತು ಬೆರಳು ತೋರಿಸಿದ.

“ಇದು ಎಷ್ಟು ಮೇಡಂ?”

“ನಾಲ್ಕು.”

ಅವನು ಕೈಯನ್ನು ತನ್ನ ಕಡೆ ತಿರುಗಿಸಿಕೊಂಡು ಒಂದೊಂದಾಗಿ ಎಣಿಸಿದ. ಮುಖ ಅರಳಿತು. “ಸರಿ ಐತೆ ಮೇಡಂ. ನೀವು ಪಾಸು!”

ಹೊಲಿಗೆ ಮಾಗುವವರೆಗೆ ನಗಬಾರದು ಅಂತ ಡಾಕ್ಟರಮ್ಮ ಹೇಳಿದ್ದರು. ಅಕ್ಕ ಸೆರಗು ಬಾಯಿಗೆ ತುರುಕಿಕೊಂಡು ಒಳಕ್ಕೆ ಓಡಿದಳು. ಪಾಪದವನು ನನ್ನ ಕಡೆ ತಿರುಗಿ, “ನಾನು ಪಾಸು ಅಂದಿದ್ದಕ್ಕೆ ಮೇಡಂಗೆ ಅಳು ಬಂದ್ಬಿಡ್ತು ಸಾರ್. ಪಾಸಾದ್ರೆ ಹಂಗೇ ಆಗೋದು ಅಂತಾರೆ” ಅಂದ.

ನಿಂತುಕೊಂಡು ಬಂದಳು

ಊತ ಇಳಿಯುತ್ತ ಬಂತು, ಬಣ್ಣ ಮಾಸುತ್ತ ಬಂತು. ಒಂದು ಬೆಳಿಗ್ಗೆ ಅಕ್ಕ ಕಾಫಿ ಲೋಟ ಹಿಡಿದು ಅಡುಗೆಮನೆಯಿಂದ ಹೊರಗೆ ಬಂದಳು. ನಾನು ಎದ್ದವನು ಹಾಗೇ ನಿಂತುಬಿಟ್ಟೆ.

ಹುಡುಗಿಯಾಗಿಬಿಟ್ಟಿದ್ದಳು ಅಂತಲ್ಲ. ತಲೆಯ ನರೆ ಅಲ್ಲೇ ಇತ್ತು, ಹಣೆಯ ಗೆರೆಯೂ ಇತ್ತು. ಆದರೆ ಕೆನ್ನೆ ತನ್ನ ಜಾಗಕ್ಕೆ ಬಂದು ಕೂತಿತ್ತು, ಕಣ್ಣಿನ ಕೆಳಗೆ ಬೆಳಕು ಬಿದ್ದಿತ್ತು. ಇಷ್ಟು ವರ್ಷ ನಮ್ಮ ಮನೆಯಲ್ಲಿ ದನಿಯಾಗಿ ಮಾತ್ರ ಇದ್ದ ನಗು ಈಗ ಮುಖದಲ್ಲೂ ಕಾಣುತ್ತಿತ್ತು. ಮನುಷ್ಯರ ಕೈ ಇಂಥದ್ದನ್ನೂ ಮಾಡುತ್ತದಲ್ಲ ಅಂತ ನನಗೆ ಮೈ ಜುಮ್ಮೆಂದಿತು. ಆವತ್ತು ದೇವಸ್ಥಾನದಲ್ಲಿ ಒಂದು ಶಿಲೆಯ ಹೆಣ್ಣಿನ ಕೆನ್ನೆಯನ್ನೇ ಎಷ್ಟು ಹೊತ್ತು ವರ್ಣಿಸಿದೆನೆಂದರೆ, ಪ್ರವಾಸಿಗಳಲ್ಲಿ ಒಬ್ಬರು “ಉಳಿದ ಭಾಗ ಮಧ್ಯಾಹ್ನದ ಮೇಲೆ ತೋರಿಸ್ತೀರಾ?” ಅಂತ ಕೇಳಿದರು.

ಅಮ್ಮ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಅಷ್ಟಕ್ಕೆ ಸಮಾಧಾನವಾಗದೆ, ರಿಟೈರ್ ಆಗಲಿರುವ ಮಗಳ ಕೆನ್ನೆಗೆ ಕಾಡಿಗೆಯ ದೃಷ್ಟಿಬೊಟ್ಟು ಇಟ್ಟೇ ಸ್ಕೂಲಿಗೆ ಕಳಿಸಿದಳು.

ಸಂಜೆ ಅಕ್ಕ ಜಾವಗಲ್ ಬಸ್ಸಿಳಿದು ಮನೆಗೆ ಬರುವಾಗ ಕಾಲು ಎಳೆಯುತ್ತಿದ್ದಳು. ಮುಖ ಮಾತ್ರ ಸೂರ್ಯಕಾಂತಿ. “ಏನಾಯ್ತೇ?” ಅಂದೆ.

“ಇಷ್ಟು ವರ್ಷ ನಾನು ಬಸ್ ಹತ್ತಿದ ಕೂಡ್ಲೇ ‘ಪಾಪ, ಕೂತ್ಕೊಳ್ಳವ್ವ’ ಅಂತ ಯಾರಾದ್ರೂ ಎದ್ದು ಜಾಗ ಬಿಡ್ತಿದ್ರು. ಇವತ್ತು ಒಬ್ಬರೂ ಏಳಲಿಲ್ಲ ಕಣೋ! ಹೋಗ್ತಾನೂ ನಿಂತೇ ಹೋದೆ, ಬರ್ತಾನೂ ನಿಂತೇ ಬಂದೆ!” ಅಂತ ಊರಿಗೆಲ್ಲ ಕೇಳುವಂತೆ ಹೇಳಿದಳು.

ಕೊನೆಯ ಫೋಟೋ

ಬೀಳ್ಕೊಡುಗೆಯ ದಿನ ಬಂತು. ಅಕ್ಕ ಮಾವಿನ ಚಿಗುರಿನ ಬಣ್ಣದ ರೇಷ್ಮೆಸೀರೆ ಉಟ್ಟಳು. ಫೋಟೋದವರನ್ನು ಅರಸೀಕೆರೆಯಿಂದ ತಾನೇ ಹೇಳಿ ಕರೆಸಿದ್ದಳು. ಬಸ್ಸಿನಲ್ಲಿ ನನಗೆ ನೂರು ಸಲ ಹೇಳಿದಳು: “ಇವತ್ತು ಏನಾದ್ರೂ ಆಗ್ಲಿ, ನಾನು ಅಳಲ್ಲ. ಅತ್ತರೆ ಇಷ್ಟೆಲ್ಲ ಮಾಡಿಸ್ಕೊಂಡಿದ್ದು ದಂಡ.”

ಹೆಡ್‌ಮಾಸ್ಟರು ದಪ್ಪ ಮೀಸೆಯ ಗಟ್ಟಿ ಆಳು. ಅವರನ್ನು ಕಂಡರೆ ಮಕ್ಕಳಿಗೆ ನಡುಕ. ಮಾತಾಡಲು ಎದ್ದವರು, “ನಮ್ಮ ಮೇಡಂ…” ಅಂದರು, ಅಷ್ಟೆ. ಕರವಸ್ತ್ರ ತೆಗೆದು ಮೂಗಿಗೆ ಹಿಡಿದರು. ಅವರೇ ಅತ್ತ ಮೇಲೆ ಕೇಳಬೇಕೆ? ಮೇಷ್ಟ್ರುಗಳು ಅತ್ತರು, ಬಿಸಿಯೂಟದ ಹೆಂಗಸರು ಅತ್ತರು, ಮಕ್ಕಳು ಹೋ ಅಂತ ಅತ್ತರು. ನಾನು ಅಕ್ಕನ ಮುಖ ನೋಡಿದೆ. ನಗುತ್ತಿದ್ದಾಳೆ! ಎಂಥ ಗಟ್ಟಿಗಿತ್ತಿ ಅಂದುಕೊಂಡೆ. ಫೋಟೋದವರು ಎಲ್ಲರನ್ನೂ ಸಾಲಾಗಿ ಕೂರಿಸಿ ಕ್ಲಿಕ್ ಮಾಡಿದರು.

ಫೋಟೋ ಮುಗಿದ ಮೇಲೆ ಅವಳ ಕೈಯಲ್ಲಿದ್ದ ಶಾಲು, ಹಣ್ಣಿನ ಬುಟ್ಟಿ ತೆಗೆದುಕೊಳ್ಳಲು ಹೋದೆ. ಸೆರಗಿನ ತುದಿ ಹಿಂಡಿದರೆ ನೀರು ಬರುವಷ್ಟು ಒದ್ದೆ. ಹತ್ತಿರದಿಂದ ನೋಡಿದೆ. ಕೆನ್ನೆಯ ಮೇಲೆ ಕಣ್ಣೀರು ಇಳಿಯುತ್ತಲೇ ಇತ್ತು, ಕೆನ್ನೆ ಮಾತ್ರ ನಗುತ್ತಿತ್ತು.

ಫೋಟೋ ಕೈಗೆ ಬಂದ ದಿನವೇ ಹೆಡ್‌ಮಾಸ್ಟರು ನನಗೆ ಫೋನ್ ಮಾಡಿದರು. “ಸಾರ್, ಒಂದು ಮಾತು ಕೇಳ್ಲಾ? ನಮ್ಮಿಂದ ಮೇಡಂಗೆ ಅಷ್ಟೊಂದು ಕಷ್ಟ ಆಗಿತ್ತಾ? ನಾವೆಲ್ಲ ಅಳ್ತಾ ಇದೀವಿ, ಅವರೊಬ್ಬರೇ ಬಿಡುಗಡೆ ಆದೋರ ಥರ ನಗ್ತಾ ಇದಾರೆ.”

ಅಕ್ಕ ನನ್ನ ಕೈಯಿಂದ ಫೋನ್ ಕಿತ್ತುಕೊಂಡಳು. “ಸಾರ್! ಆವತ್ತು ನಿಮ್ಮೆಲ್ಲರಿಗಿಂತ ಜಾಸ್ತಿ ಅತ್ತಿದ್ದು ನಾನೇ ಸಾರ್!”

“ನೋಡಿದ್ರೆ ಹಾಗೆ ಅನ್ಸಲ್ಲ ಮೇಡಂ” ಅಂದರು ಅವರು, ಬೇಜಾರಿನಲ್ಲೇ.

ಫೋನಿಟ್ಟು, ಕಟ್ಟು ಹಾಕಿಸಿದ ಫೋಟೋವನ್ನು ಅಕ್ಕ ಅಮ್ಮನ ತೊಡೆಯ ಮೇಲೆ ಇಟ್ಟಳು. ಅವಳು ಕಾದಿದ್ದೇ ಈ ಗಳಿಗೆಗೆ. “ಅಮ್ಮಾ, ನಾನು ಎಲ್ಲಿದ್ದೀನಿ ಹೇಳು ನೋಡೋಣ?”

ಅಮ್ಮ ಫೋಟೋವನ್ನು ಬಾಗಿಲ ಬೆಳಕಿಗೆ ಹಿಡಿದಳು. ಬೆರಳು ಒಂದು ಕಡೆಯಿಂದ ಹೊರಟಿತು. ಒಬ್ಬರ ಮೇಲೆ ನಿಂತು, ತಡವರಿಸಿ ಮುಂದೆ ಹೋಯಿತು. ಎಲ್ಲಿ ನೋಡಿದರೂ ಅಳುವವರೇ. ನಡುವೆ ಹೂವಿನ ಹಾರ ಹಾಕಿಕೊಂಡು ನಗುತ್ತ ಕೂತ ಅಕ್ಕನನ್ನು ದಾಟಿಯೇ ಹೋಯಿತು. ಕೊನೆಗೆ ಎಲ್ಲರಿಗಿಂತ ಜೋರಾಗಿ ಅಳುತ್ತಿದ್ದವರ ಮೇಲೆ ಗಟ್ಟಿಯಾಗಿ ಊರಿತು.

“ಇಗಾ, ಇಲ್ಲಿ ಅವ್ಳೆ ನನ್ ಮಗಳು!”

ಬೆರಳು ಇದ್ದದ್ದು ಹೆಡ್‌ಮಾಸ್ಟರ ಮೀಸೆಯ ಮೇಲೆ.

ಅಕ್ಕ ನಕ್ಕಳು. ಗೋಡೆಗೆ ಒರಗಿ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬಳಬಳ ಸುರಿಯುವಷ್ಟು ನಕ್ಕಳು. ಅಮ್ಮ ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ, ಒದ್ದೆ ಕೆನ್ನೆಯನ್ನು ಹೆಬ್ಬೆರಳಿನಿಂದ ಸವರಿದಳು.

“ಹೂಂ, ಈಗ ಗೊತ್ತಾಯ್ತು. ಇವಳೇ ಕಣ್ಲಾ ನಮ್ಮೋಳು” ಅಂದಳು. ಆಮೇಲೆ ಫೋಟೋ ಕಡೆ ಕೈ ತೋರಿಸಿ ಕೇಳಿದಳು: “ಹಂಗಾದ್ರೆ ಆಯಮ್ಮಂಗೆ ಯಾರು ತೀರ್ಕೊಂಡವ್ರೆ?”