ಮಿಕ್ಸಿಯ ವಿಚಾರಣೆ

ಬೆಳಕು ಹರಿಯುವ ಮುಂಚೆ ಅವಳು ಹಿಂದಿನ ದಿನದ ಪಾತ್ರೆ ತಿಕ್ಕಿ ಬೋರಲು ಹಾಕುತ್ತಿದ್ದಳು. ಹಾಲನ್ನು ಒಲೆಗಿಟ್ಟು, ಅದು ಉಕ್ಕುವಷ್ಟರಲ್ಲಿ ಬಟ್ಟೆಗಳ ಜೇಬು ತಡಕಿ (ಗಂಡನ ಜೇಬಿನಲ್ಲಿ ಒಂದಾದರೂ ಸ್ಕ್ರೂ ಇದ್ದೇ ಇರುತ್ತಿತ್ತು) ವಾಷಿಂಗ್ ಮೆಷಿನ್ನಿಗೆ ತುಂಬುತ್ತಿದ್ದಳು. ಅದು ಗುಡುಗುಡು ಎನ್ನುವಾಗ ಮಿಕ್ಸಿಯಲ್ಲಿ ಮಸಾಲೆ ತಿರುವುತ್ತಿದ್ದಳು. ಮಿಕ್ಸಿ ನಿಂತ ಕೂಡಲೇ ಅತ್ತೆಯ ಚಹಾಕ್ಕೆ ಸಕ್ಕರೆ ಹಾಕದೆ, ಹಾಕಿದವಳ ಹಾಗೆ ಚಮಚ ತಿರುಗಿಸುತ್ತಿದ್ದಳು. ತರಕಾರಿ ಹೆಚ್ಚಿ, ಡಬ್ಬಿ ಕಟ್ಟಿ, ಗಂಡನ ಅಂಗಿಗೆ ಇಸ್ತ್ರಿ ಎಳೆದು, ಆಮೇಲೂ ಒಂದಿಷ್ಟು ಕತ್ತಲೆ ಮಿಕ್ಕಿದ್ದರೆ ಹಿಂದಿನ ಕೋಣೆಗೆ ಓಡಿ, ಹೊಲಿಗೆ ಯಂತ್ರದ ಸೂಜಿಯ ನೆತ್ತಿಗೆ ಸಿಕ್ಕಿಸಿದ್ದ ಪುಟ್ಟ ದೀಪದ ಬೆಳಕಿನಲ್ಲಿ ಶಾಲಾ ಸಮವಸ್ತ್ರಗಳಿಗೆ ಕಾಲರು ಕೂರಿಸುತ್ತಿದ್ದಳು. ಆ ಕಾಲರುಗಳೇ ಅವಳ ಸಂಪಾದನೆ, ಆ ಕೋಣೆಯೇ ಅವಳ ಸಾಮ್ರಾಜ್ಯ.

ಇಷ್ಟೆಲ್ಲ ನಡೆಯುವಾಗ ಗಂಡ ಮುಂದಿನ ಕೋಣೆಯಲ್ಲಿ ಕಿವಿಗೆ ಹೆಡ್‌ಫೋನ್ ತೊಟ್ಟು ಲೋಕಸಂಚಾರ ಮಾಡುತ್ತಿದ್ದ. ಅವನಿಗೆ ಹವ್ಯಾಸಿ ರೇಡಿಯೋದ ಹುಚ್ಚು. ಸಮುದ್ರದಾಚೆಯವನೊಬ್ಬ ಟಿಕ್ ಟೀ ಟಿಕ್ ಎಂದು ಮೋರ್ಸ್ ಸಂಕೇತದಲ್ಲಿ ಕೆಮ್ಮಿದರೂ ಅವನಿಗೆ ಕೇಳುತ್ತಿತ್ತು. ಅಡುಗೆಮನೆಯಿಂದ "ಹಾಲು ಉಕ್ಕುತ್ತಾ ಇದೆ, ಒಲೆ ಆರಿಸ್ರೀ" ಎಂದರೆ ಮಾತ್ರ ಹವಾಮಾನ ಸರಿ ಇರುತ್ತಿರಲಿಲ್ಲ.

ಕೇಳುತ್ತಿತ್ತು, ಸರಿ. ಅರ್ಥವಾಗುತ್ತಿತ್ತೇ ಎಂದರೆ, ಮೋರ್ಸ್ ಅವನ ಕೈಗೆ ಹತ್ತಿದಷ್ಟು ಕಿವಿಗೆ ಹತ್ತಿರಲಿಲ್ಲ. ಆದ್ದರಿಂದ ಸದ್ದನ್ನು ತಾನೇ ಓದಿ ಅಕ್ಷರವಾಗಿ ಬರೆಯುವ ಒಂದು ವ್ಯವಸ್ಥೆಯನ್ನು ಕಂಪ್ಯೂಟರಿನಲ್ಲಿ ಪ್ರತಿಷ್ಠಾಪಿಸಿದ್ದ. ಶುದ್ಧ ಸಂಕೇತ ಬಂದರೆ ಅದು ಶುದ್ಧವಾಗಿಯೇ ಬರೆಯುತ್ತಿತ್ತು. ಬರೀ ಗರಗರ ಸದ್ದು ಬಂದರೆ, ಆ ಗರಗರದ ಚೂರುಗಳನ್ನೇ ಸಂಕೇತವೆಂದು ತಿಳಿದು, ಪರದೆಯ ತುಂಬ ಇ ಇ ಟಿ ಇ ಟಿ ಟಿ ಇ ಎಂದು ಇರುವೆ ಸಾಲು ಬಿಡುತ್ತಿತ್ತು. ಏನೂ ಇಲ್ಲದ ಕಡೆ ಏನೋ ಇದೆ ಎನ್ನುವ ಈ ಗುಣದಲ್ಲಿ ಅದು ತನ್ನ ಯಜಮಾನನನ್ನೇ ಹೋಲುತ್ತಿತ್ತು. ಅವನ ಉದ್ಯೋಗ ವಿಮಾ ಕಂಪನಿಯಲ್ಲಿ ನಷ್ಟ ಪರೀಕ್ಷಕನದು. ಸುಟ್ಟುಹೋದ ಅಂಗಡಿಯ ಮುಂದೆ ನಿಂತು ಅಳುವವನನ್ನೇ ಮೊದಲು ಮೂಸಿ ನೋಡಿ, ಸೀಮೆಎಣ್ಣೆ ವಾಸನೆ ಬರುತ್ತದೆಯೇ ಎಂದು ಪರೀಕ್ಷಿಸುವುದಕ್ಕೆ ಅವನಿಗೆ ಸಂಬಳ ಕೊಡುತ್ತಿದ್ದರು.

"ಯಾರೋ ನನ್ನ ಸಿಗ್ನಲ್ ಮೇಲೆ ಕೂತಿದ್ದಾರೆ," ಎಂದ ಒಂದು ಬೆಳಿಗ್ಗೆ.

"ನಾನಂತೂ ಅಲ್ಲ. ನನಗೆ ಕೂರೋಕೆ ಪುರುಸೊತ್ತೆಲ್ಲಿ?"

ವಿಷಯ ಗಂಭೀರವಾಗಿತ್ತು. ಯಾರೂ ವಾಸಿಸದ ಯಾವುದೋ ದ್ವೀಪಕ್ಕೆ ಒಂದು ತಂಡ ಹೋಗಿ, ಡೇರೆ ಹಾಕಿ, ಅಲ್ಲಿಂದ ಮೋರ್ಸ್ ಬಿಟ್ಟು, ಕರೆದವರಿಗೆ ಉತ್ತರ ಕೊಡುತ್ತಿತ್ತು. ಭಾನುವಾರಕ್ಕೆ ಡೇರೆ ಕಿತ್ತರೆ ಮತ್ತೆ ಈ ಜನ್ಮದಲ್ಲಿ ಆ ದ್ವೀಪ ಸಿಗುವುದಿಲ್ಲವಂತೆ. ಅದರ ಸಿಗ್ನಲ್ ಸಿಗುವುದು ಸೂರ್ಯ ಹುಟ್ಟುವ ಮುಂಚಿನ ಹೊತ್ತಿನಲ್ಲಿ ಮಾತ್ರ. ಆದರೆ ಒಂದು ತಿಂಗಳಿಂದ ಮನೆಯ ಯಾವುದೋ ಮೂಲೆಯ ಗರಗರದಿಂದ ಆ ಹೊತ್ತಿನಲ್ಲಿ ಪರದೆ ಇರುವೆಗೂಡಾಗುತ್ತಿತ್ತು. ಅವನು ಆಂಟೆನಾ ತಂತಿಯ ದಿಕ್ಕು ಬದಲಿಸಿದ, ಸದ್ದು ಸೋಸುವ ಜರಡಿಯನ್ನು ಕಿರಿದು ಮಾಡಿದ, ಓದುವ ವ್ಯವಸ್ಥೆಯನ್ನೇ ಬದಲಿಸಿ ಇನ್ನೊಂದನ್ನು ತಂದ. ಇರುವೆಗಳು ಕದಲಲಿಲ್ಲ.

ಆಗ ವಿಚಾರಣೆ ಶುರುವಾಯಿತು. ಕೈಯಲ್ಲಿ ಪುಟ್ಟ ಟ್ರಾನ್ಸಿಸ್ಟರ್ ಹಿಡಿದು, ಅದು ಎಲ್ಲಿ ಹೆಚ್ಚು ಗರಗರ ಎನ್ನುತ್ತದೆ ಎಂದು ಮುಂದಿನ ಕೋಣೆಯಿಂದ ಮೂಸುತ್ತಾ ಹೊರಟ. ಅಡುಗೆಮನೆಯಲ್ಲಿ ಅದು ಗುರುಗುಟ್ಟಿದ್ದೇ ತಡ, ಮುಂದೆ ಹೋಗದೆ ಅಲ್ಲೇ ನಿಂತು ಮಿಕ್ಸಿಯನ್ನು ಬಹಳ ಹೊತ್ತು ದಿಟ್ಟಿಸಿದ.

"ಇದು ಎಲ್ಲಿಂದ ಬಂತು?"

"ನಿಮ್ಮ ಅಕ್ಕ ಕೊಟ್ಟದ್ದು."

"ಹೂಂ. ಅಲ್ಲಿಂದಲೂ ಬಂದಿರಬಹುದು," ಎಂದು, ಅಕ್ಕನನ್ನೂ ಆರೋಪಿಗಳ ಪಟ್ಟಿಗೆ ಸೇರಿಸಿದ.

ಫ್ರಿಜ್ಜು, ವಾಷಿಂಗ್ ಮೆಷಿನ್ನು, ಮಿಕ್ಸಿ ಎಲ್ಲದರ ತಂತಿಗೂ, ಗರಗರ ತಡೆಯಲೆಂದು, ಕಪ್ಪು ಬಳೆಯಂಥ ಕಾಂತದ ಉಂಗುರ ತೊಡಿಸಿದ. ಅತ್ತೆಯ ಮೊಣಕಾಲಿನ ಬಿಸಿಚೀಲಕ್ಕೂ ಒಂದು.

"ನನ್ನ ಮಗನಿಗೆ ನನ್ನ ಮಂಡಿ ಮೇಲೂ ಅನುಮಾನ," ಎಂದರು ಅತ್ತೆ.

ಉಂಗುರಕ್ಕೂ ಇರುವೆ ಹೆದರದಿದ್ದಾಗ ರಾಜಾಜ್ಞೆ ಹೊರಟಿತು. ಸೂರ್ಯೋದಯದವರೆಗೆ ಮಿಕ್ಸಿ ಬಂದ್, ವಾಷಿಂಗ್ ಮೆಷಿನ್ ಬಂದ್, ಹೊಲಿಗೆ ಮೋಟಾರು ಬಂದ್, ಟ್ಯೂಬ್‌ಲೈಟ್ ಬಂದ್.

"ಕೆಲಸ?" ಎಂದಳು ಅವಳು.

"ಕೈಯಲ್ಲಿ ಮಾಡಿದರಾಯ್ತು. ಇಷ್ಟು ದಿನ ನೀನೇನು ಮಾಡ್ತಿದ್ದೆ, ಬಟನ್ ಒತ್ತುತ್ತಿದ್ದೆ ತಾನೇ? ಎಲ್ಲ ಮಿಷನ್ನೇ ಮಾಡ್ತಿತ್ತು."

ಅವಳು ಹೆಚ್ಚುತ್ತಿದ್ದ ಈರುಳ್ಳಿಯನ್ನು ಕೆಳಗಿಟ್ಟಳು. ಅತ್ತೆ ಚಹಾ ಕುಡಿಯುವುದನ್ನು ನಿಲ್ಲಿಸಿದರು.

"ನಿಮ್ಮ ಮೋರ್ಸ್ ಓದೋದು ಯಾರು?" ಎಂದು ಅವಳು ಬಲು ಮೃದುವಾಗಿ ಕೇಳಿದಳು.

"ಕಂಪ್ಯೂಟರು."

"ಬರೆದಿಡೋದು?"

"ಅದೂ ಕಂಪ್ಯೂಟರೇ. ಆಟೋಮ್ಯಾಟಿಕ್ ಅಂದ್ರೆ ಏನು ಮತ್ತೆ?"

"ಹಾಗಾದ್ರೆ ಆ ಹೊತ್ತಲ್ಲಿ ನಿಮ್ಮ ಕೈ ಖಾಲಿ. ಯಾವ ಮಿಷನ್ ನೀವು ನಿಲ್ಲಿಸ್ತೀರೋ ಅದರ ಕೆಲಸ ನಿಮ್ಮದು."

ದ್ವೀಪಕ್ಕಾಗಿ ಅವನು ಒಪ್ಪಿದ. ಬಟನ್ ಒತ್ತುವ ಕೆಲಸ ತಾನೇ ಎಂದು ನಕ್ಕೂ ಬಿಟ್ಟ.

ಮರುದಿನ ಬೆಳಿಗ್ಗೆ ಆ ನಗು ಮೇಣದಬತ್ತಿಯ ಬೆಳಕಿನಲ್ಲಿ ಅರೆಯುವ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕುಳಿತಿತ್ತು. ಒಂದು ಹಿಡಿ ಮಸಾಲೆ ನುಣ್ಣಗಾಗುವುದಕ್ಕೆ ಎಷ್ಟು ತೋಳು ಬೇಕು ಎಂಬ ವಿಷಯವನ್ನು ಅವನಿಗೆ ಯಾವ ದೇಶದವನೂ ತಿಳಿಸಿರಲಿಲ್ಲ. ಕತ್ತಿನಲ್ಲಿ ಹೆಡ್‌ಫೋನು, ಮೊಣಕೈವರೆಗೆ ನೊರೆ. ಬಚ್ಚಲಿನಲ್ಲಿ ಒಂದು ಅಂಗಿ ಕುಕ್ಕಿ ಪರದೆಯ ಬಳಿಗೆ ಓಡುವುದು, ಇ ಇ ಟಿ ಇ ನೋಡಿ ಬೈಯುವುದು, ಮತ್ತೆ ಓಡಿಬಂದು ಇನ್ನೊಂದು ಅಂಗಿ ಕುಕ್ಕುವುದು. ಜೇಬಿನ ಸ್ಕ್ರೂ ಅವನ ಅಂಗೈಯನ್ನೇ ಗೀರಿತು.

"ಜೇಬು ನೋಡ್ಕೊಳ್ಳೋದಲ್ವಾ?" ಎಂದಳು ಅವಳು ಬಾಗಿಲಲ್ಲಿ ನಿಂತು. ಅವಳ ಕೈಯಲ್ಲಿ ಚಹಾದ ಲೋಟವಿತ್ತು. ಚಹಾ ಇನ್ನೂ ಬಿಸಿಯಿತ್ತು! ಮದುವೆಯಾದಂದಿನಿಂದ ಅವಳು ಬಿಸಿ ಚಹಾ ಕುಡಿದದ್ದು ನೆಂಟರ ಮನೆಯಲ್ಲಿ ಮಾತ್ರ.

ಲೋಟ ಹಿಡಿದು ತನ್ನ ಕೋಣೆಗೆ ಹೋಗಿ, ಸೂಜಿಯ ದೀಪ ಹಚ್ಚಿಕೊಂಡು, ಎಂದೋ ತಂದು ಮೊದಲ ಅಧ್ಯಾಯದಲ್ಲೇ ನಿಂತಿದ್ದ ಒಂದು ಕೊಲೆಯ ಕಾದಂಬರಿಯನ್ನು ತೆರೆದಳು.

"ಏನೇ, ಮೈಗೆ ಹುಷಾರಿಲ್ವಾ?" ಎಂದು ಅತ್ತೆ ಹಣೆ ಮುಟ್ಟಿ ನೋಡಿದರು. "ಕೂತಿದ್ದೀಯಲ್ಲ!"

ಆ ವಾರ ಹಾಗೇ ನಡೆಯಿತು. ಕಾದಂಬರಿಯಲ್ಲಿ ಇಬ್ಬರು ಸತ್ತರು. ಪರದೆಯ ಇರುವೆಗಳಲ್ಲಿ ಒಂದೂ ಸಾಯಲಿಲ್ಲ. ಶುಕ್ರವಾರ ಗಂಡ ಕೆಂಪು ಕಣ್ಣು, ಉಬ್ಬಿದ ಬೆರಳುಗಳೊಂದಿಗೆ ಅವಳ ಕೋಣೆಯ ಹೊಸ್ತಿಲಲ್ಲಿ ನಿಂತ.

"ಇಲ್ಲಿ ಎಲ್ಲ ಆರಿಸಿದ್ದೀಯಾ?"

"ಮೋಟಾರು ಮುಟ್ಟಿಲ್ಲ. ಬೇಕಾದ್ರೆ ಮೂಸಿ ನೋಡಿ. ಸಂಶಯಪಿಶಾಚಿ!"

"ಮೂಸೋದೇನೂ ಬೇಡ. ಇದು ಮನೆಯ ಹಿಂದಿನ ತುದಿ, ಬೀದಿಯ ಗಲಾಟೆ ಇಲ್ಲ. ನಾಳೆಯೊಳಗೆ ಗರಗರ ನಿಲ್ಲದಿದ್ರೆ ಭಾನುವಾರಕ್ಕೆ ರೇಡಿಯೋ ಇಲ್ಲಿಗೆ ಬರುತ್ತೆ. ನಿನ್ನ ಹೊಲಿಗೆ ಹಜಾರದಲ್ಲಿ ಇಟ್ಕೋ."

"ಭಾನುವಾರ ಆದಮೇಲೆ?"

"ಒಂದ್ಸಲ ಆಂಟೆನಾ ಎಳೆದಮೇಲೆ ಯಾರು ಬಿಚ್ಚುತ್ತಾರೆ?"

ಅವಳು ಕೋಣೆಯನ್ನೊಮ್ಮೆ ನೋಡಿದಳು. ಕತ್ತರಿಸುವ ಮೇಜು, ಮೊಳೆಯಲ್ಲಿ ತೂಗುವ ಅರ್ಧ ಅಂಗಿಗಳು, ಒಳಗಿನಿಂದ ಚಿಲಕವಿರುವ ಬಾಗಿಲು. ಮನೆಯಲ್ಲಿ ಬಚ್ಚಲು ಬಿಟ್ಟರೆ ಅವಳು ಚಿಲಕ ಹಾಕಿಕೊಳ್ಳಬಹುದಾದ ಬಾಗಿಲು ಅದೊಂದೇ. ಹಜಾರಕ್ಕೆ ಬಾಗಿಲೇ ಇರಲಿಲ್ಲ.

ಗರಗರ ಎಲ್ಲಿಂದ ಎಂದು ಅವಳಿಗೆ ಅನುಮಾನವೇ ಇರಲಿಲ್ಲ. ಎಲ್ಲರ ಮೇಲೂ ಬೆರಳು ತೋರಿಸುವವನು ತನ್ನ ಮೇಜಿನ ಕಡೆ ಒಮ್ಮೆಯಾದರೂ ತಿರುಗಿದ್ದನೇ? ಅಲ್ಲಿ ತಂತಿಗಳು ಹಾವಿನ ಮೊಟ್ಟೆ ಒಡೆದಂತೆ ಹರಿದಾಡುತ್ತಿದ್ದವು. ಅಪರಾಧಿ ಅಲ್ಲೇ ಇದ್ದಾನೆ! ಶನಿವಾರ ಬೆಳಿಗ್ಗೆ ಅವನು ಹಿತ್ತಲಲ್ಲಿ ಹೊದಿಕೆ ಹಿಂಡುತ್ತಿದ್ದಾಗ (ಹೊದಿಕೆಯೇ ಅವನನ್ನು ಹಿಂಡುತ್ತಿತ್ತು ಎಂದರೂ ಸರಿ) ಅವಳು ಟ್ರಾನ್ಸಿಸ್ಟರ್ ಎತ್ತಿಕೊಂಡು ಜಯಘೋಷದ ನಡಿಗೆಯಲ್ಲಿ ಅವನ ಮೇಜಿನ ಮುಂದೆ ಹಿಡಿದಳು.

ಟ್ರಾನ್ಸಿಸ್ಟರ್ ಸುಮ್ಮನಿತ್ತು.

ಕಂಪ್ಯೂಟರಿಗೆ ತಾಗಿಸಿದಳು. ಚಾರ್ಜರಿಗೆ ತಾಗಿಸಿದಳು. ಮಗುವಿನ ಉಸಿರಿನಷ್ಟೂ ಸದ್ದಿಲ್ಲ. ಸಿಟ್ಟಿನಿಂದ ತಿರುಗಿದಳು. ಹಜಾರದಲ್ಲಿ ಅದು ಸಣ್ಣಗೆ ಗೊಣಗಿತು. ಅಡುಗೆಮನೆ ದಾಟಿದಾಗ ಗುರುಗುಟ್ಟಿತು. ಅವಳ ಕೋಣೆಯ ಹೊಸ್ತಿಲು ತುಳಿದದ್ದೇ ತಡ, ಗರಗರಗರ ಎಂದು ಬೊಬ್ಬೆ ಹೊಡೆಯಿತು. ಬಟ್ಟೆಗಂಟಿನ ಹಿಂದೆ, ಗೋಡೆಗೆ ಕಚ್ಚಿಕೊಂಡು, ಸೂಜಿಯ ದೀಪದ ಅಡಾಪ್ಟರು ಬೆಚ್ಚಗೆ ಕುಳಿತಿತ್ತು. ತಿಂಗಳ ಹಿಂದೆ ಬಸ್ ನಿಲ್ದಾಣದ ಎದುರು ಅಗ್ಗಕ್ಕೆ ಸಿಕ್ಕಿತೆಂದು ಅವಳೇ ಕೊಂಡು ತಂದದ್ದು. ಅಂದಿನಿಂದ ದೀಪದ ಗುಂಡಿ ಆರಿಸಿದರೂ ಗೋಡೆಯ ಸ್ವಿಚ್ಚನ್ನು ಆರಿಸಿದವರೇ ಇಲ್ಲ. ಹೆಬ್ಬೆರಳಿನಷ್ಟು ದೀಪ, ಅದೂ ಒಂದು ಯಂತ್ರವೇ ಎಂದು ಅವಳಿಗೆ ಅನಿಸಿರಲೇ ಇಲ್ಲ.

ಅವಳು ಸ್ವಿಚ್ ಆರಿಸಿದಳು. ಟ್ರಾನ್ಸಿಸ್ಟರ್ ಬಾಯಿ ಮುಚ್ಚಿತು. ಮತ್ತೆ ಹಾಕಿದಳು. ಬೊಬ್ಬೆ! ಸಂಶಯಪಿಶಾಚಿ ಎಂಬ ಬಿರುದನ್ನು ಯಾರಿಗೆ ವಾಪಸು ಕೊಡಬೇಕು ಎಂದು ತಿಳಿಯದೆ ಹೊಲಿಗೆ ಯಂತ್ರದ ಸ್ಟೂಲಿನ ಮೇಲೆ ಕುಸಿದಳು.

"ಒಳಗೇನು ಹುಡುಕ್ತಾ ಇದ್ದೀಯಾ?" ಎಂದು ಹಿತ್ತಲಿಂದ ಗಂಡ ಕೂಗಿದ.

"ನಿಮ್ಮ ಒಂಟಿ ಕಾಲುಚೀಲದ ಜೋಡಿ," ಎಂದಳು.

ಭಾನುವಾರ ಬೆಳಗಿನ ಜಾವ ಅವಳ ಕೋಣೆಯ ಸ್ವಿಚ್ಚು ಆರಿಯೇ ಇತ್ತು. ಪರದೆಯ ಮೇಲೆ ಒಂದು ಇರುವೆಯೂ ಇರಲಿಲ್ಲ. ಕಪ್ಪು ಹಲಗೆಯ ಮೇಲೆ ಮೇಷ್ಟ್ರು ಬರೆದಂತೆ ದ್ವೀಪದ ಹೆಸರು ಬಂತು, ಅದರ ಹಿಂದೆಯೇ, ಅವನ ಕರೆಗೆ ಉತ್ತರವಾಗಿ, ರೇಡಿಯೋದಲ್ಲಿ ಅವನ ಹೆಸರಾದ ಸ್ವಂತ ಕರೆಗುರುತು, ಒಂದಕ್ಷರವೂ ತಪ್ಪದೆ. ಗಂಡ ನೊರೆ ಕೈಯಲ್ಲೇ ಅತ್ತೆಯನ್ನು ಎತ್ತಿ ಇಳಿಸಿದ.

"ಬಿಡೋ, ನನ್ನ ಮಂಡಿ!"

"ಅಮ್ಮಾ, ನಿಜವಾಗಿ ಗೆದ್ದೆ!"

ಅವಳ ಕೋಣೆ ಉಳಿಯಿತು. ಆದರೆ ಅವಳು ಕತ್ತಲಲ್ಲಿ ಕುಳಿತಿದ್ದಳು. ಮಡಿಲಲ್ಲಿದ್ದ ಕಾದಂಬರಿಯಲ್ಲಿ ಕೊಲೆಗಾರನ ಹೆಸರು ಮುಂದಿನ ಪುಟದಲ್ಲಿತ್ತು, ಪುಟ ಮಾತ್ರ ಕಾಣುತ್ತಿರಲಿಲ್ಲ.

ಅಷ್ಟರಲ್ಲಿ ಗಂಡನ ಸಂಭ್ರಮ ತಣ್ಣಗಾಗಿ, ನಷ್ಟ ಪರೀಕ್ಷಕ ಎದ್ದು ನಿಂತ. "ನಿನ್ನೆ ಹೋಗದ ಸದ್ದು ಇವತ್ತು ಹೇಗೆ ಹೋಯ್ತು?" ಎಂದು ಬಾಗಿಲಲ್ಲಿ ಮೂಗು ಅರಳಿಸಿದ. "ಇಲ್ಲೇನಾದ್ರೂ ಬದಲಾಯ್ತಾ?"

"ಕಾದಂಬರಿಯಲ್ಲಿ ಇನ್ನೊಬ್ಬ ಸತ್ತ."

"ಆ ಕಾಂತದ ಉಂಗುರಗಳು ನಿಧಾನಕ್ಕೆ ಕೆಲಸ ಮಾಡಿರಬೇಕು. ನಾಳೆ ಒಂದೊಂದೇ ಮಿಷನ್ ಹಾಕಿ ಪರೀಕ್ಷೆ ಮಾಡ್ತೀನಿ. ಪರದೆ ಶುಭ್ರವಾಗಿದ್ರೆ ಅದು ನಿರಪರಾಧಿ. ಮಿಕ್ಸಿ, ಮೆಷಿನ್ನು ಎಲ್ಲ ನಿನಗೆ ವಾಪಸು. ನೀನೂ ಪಾಪ, ಎಷ್ಟು ದಿನ ಸುಮ್ನೆ ಕೂತಿರ್ತೀಯಾ?"

ಸೋಮವಾರ ಇನ್ನೂ ಕತ್ತಲಿರುವಾಗಲೇ ಎಲ್ಲರೂ ಎದ್ದಿದ್ದರು. ಅತ್ತೆಯನ್ನು ಪರದೆಯ ಮುಂದೆ ಸಾಕ್ಷಿಯಾಗಿ ಕೂರಿಸಿದ್ದ. ದೂರದ ಯಾವನೋ ಒಬ್ಬ ಟಿಕ್ ಟೀ ಎಂದು ಶುದ್ಧವಾಗಿ ಬರುತ್ತಿದ್ದ. ಗಂಡ ಅಡುಗೆಮನೆಯಲ್ಲಿ ಮಿಕ್ಸಿಯ ಮೇಲೆ ಬಾಗಿ ನಿಂತಿದ್ದ. ಅವನ ಊದಿದ ಬೆರಳುಗಳು ಗುಂಡಿಯನ್ನು ಎಷ್ಟು ಪ್ರೀತಿಯಿಂದ ಸವರುತ್ತಿದ್ದವೆಂದರೆ, ಅಷ್ಟು ಪ್ರೀತಿಯನ್ನು ಆ ಮಿಕ್ಸಿ ಅವನ ಅಕ್ಕನಿಂದಲೂ ಕಂಡಿರಲಿಕ್ಕಿಲ್ಲ.

ಅವಳು ತನ್ನ ಕೋಣೆಯಲ್ಲಿದ್ದಳು. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು. ಬಟ್ಟೆಗಂಟಿನ ಹಿಂದೆ ಕೈ ಚಾಚಿ, ಬೆರಳನ್ನು ಸ್ವಿಚ್ಚಿನ ಮೇಲಿಟ್ಟಿದ್ದಳು. ಹೊಲಿಗೆ ಮೋಟಾರಿನ ಸರದಿ ಬಂದಾಗ ಈ ಬೆರಳು ಅಲುಗಬಾರದು, ಅಷ್ಟು ನಿರ್ಧಾರವಾಗಿತ್ತು. ಮೋಟಾರು ಪಾಪ, ನಿರಪರಾಧಿ. ಆದರೆ ಮಿಕ್ಸಿ? ಉಂಗುರ ತೊಟ್ಟ ಮಿಕ್ಸಿಯೂ ನಿರಪರಾಧಿಯೇ ಇರಬಹುದು. ಬಾಯಿಲ್ಲದ ಪ್ರಾಣಿ. ಅದಕ್ಕೆ ಜೀವಾವಧಿ ಶಿಕ್ಷೆ ಕೊಡಿಸುವುದು ನ್ಯಾಯವೇ? ಗಂಡನಿಗೆ ಮೋಸವಲ್ಲವೇ?

ಅವಳ ಮನಸ್ಸು ಒಂದು ಗಳಿಗೆ ತೂಗುಯ್ಯಾಲೆಯಾಡಿತು. ಪಕ್ಕದಲ್ಲಿ ಚಹಾದ ಲೋಟ ಹಬೆಯಾಡುತ್ತಿತ್ತು. ಕಾದಂಬರಿ ಅದೇ ಪುಟಕ್ಕೆ ತೆರೆದಿತ್ತು.

"ಬಟನ್ ಒತ್ತುತ್ತಾ ಇದ್ದೀನಿ!" ಎಂದು ಗಂಡ ಅಡುಗೆಮನೆಯಿಂದ ಕೂಗಿದ.

ಅವಳೂ ಒತ್ತಿದಳು.