ಹಿತ್ತಲ ಶುದ್ಧೀಕರಣ

ಮೂವತ್ತೆರಡು ವರ್ಷ ಅಳ್ನಾವರದ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿದ ಕೈಗೆ, ನಿವೃತ್ತಿಯಾದ ಮೇಲೆ ವಿಂಗಡಿಸಲು ಏನೂ ಸಿಗದಿದ್ದರೆ ಅದೆಂಥ ಸಂಕಟ ಎಂಬುದು ಪೋಸ್ಟಮಾಸ್ತರ ಶಂಭುಲಿಂಗಪ್ಪನವರಿಗೆ ಮಾತ್ರ ಗೊತ್ತು. ಎಂಬತ್ತನಾಲ್ಕನೆಯ ಇಸವಿಯ ಯುಗಾದಿಗೆ ಅವರು, ಇಷ್ಟು ವರ್ಷ ಹೆಂಡತಿಯೊಬ್ಬಳೇ ನೋಡಿಕೊಂಡಿದ್ದ ದೇವಿಕೊಪ್ಪದ ಸ್ವಂತ ಮನೆಗೆ ಬಂದು ನೆಲೆಸಿದರು. ಬಂದ ವಾರದಲ್ಲೇ ಅಡುಗೆಮನೆಯ ಡಬ್ಬಿಗಳನ್ನು ಅಕಾರಾದಿಯಾಗಿ ಜೋಡಿಸಿದರು. ಅರಿಸಿನ, ಅವಲಕ್ಕಿ, ಇಂಗು, ಉಪ್ಪು, ಹೀಗೆ. ಅಂದು ಸಂಜೆಯೇ ಹೆಂಡತಿ ಶಿವಗಂಗವ್ವ ಅವರನ್ನು ಅಡುಗೆಮನೆಯಿಂದ ಪಡಸಾಲೆಗೆ ವರ್ಗಾವಣೆ ಮಾಡಿದಳು. (ಮೇಲ್ಮನವಿಗೆ ಅವಕಾಶವಿರಲಿಲ್ಲ.)

ಪಡಸಾಲೆಯಲ್ಲಿ ಕೂತವರ ಕಣ್ಣು ಹಿತ್ತಲಿನ ಮೇಲೆ ಬಿತ್ತು. ಬಾಯಿ ಒಡೆದ ಮಣ್ಣಿನ ಹರವಿ, ಬುಡ ತೂತಾದ ಕೊಡ, ಅಡ್ಡಕ್ಕೆ ಕೊಯ್ದ ಎಣ್ಣೆ ಡಬ್ಬಿ, ಆಪೂಸ ಮಾವಿನಹಣ್ಣಿನ ಕಟ್ಟಿಗೆ ಪೆಟ್ಟಿಗೆ, ಎಲ್ಲವೂ ಹೋದ ವರ್ಷದ ಮಣ್ಣು ಮೆತ್ತಿಕೊಂಡು ಒಂದರ ಮೇಲೊಂದು ಬಿದ್ದಿದ್ದವು. ಮುಂಗಾರಿಗೆ ಮೊದಲು ಶಿವಗಂಗವ್ವ ಇವುಗಳಲ್ಲಿಯೇ ಮೆಣಸಿನಕಾಯಿ, ಬದನೆ, ಹೀರೆ, ಸವತೆಯ ಸಸಿ ಎಬ್ಬಿಸಿ ಇಡೀ ಓಣಿಗೆ ಹಂಚುತ್ತಿದ್ದಳು. ಅದರಲ್ಲೂ ಹೀರೆಯೆಂದರೆ ಅವಳಿಗೆ ಜೀವ. ಮದುವೆಯಾಗಿ ಬರುವಾಗ ಕುಂದಗೋಳದ ತವರಿನಿಂದ ಅವ್ವ ಸೆರಗಿಗೆ ಕಟ್ಟಿ ಕಳಿಸಿದ ಬೀಜ ಅದು. ಅವ್ವ ತೀರಿಹೋಗಿ ಹತ್ತು ವರ್ಷವಾಗಿತ್ತು, ಬಳ್ಳಿ ಮಾತ್ರ ವರ್ಷವರ್ಷವೂ ಬೇಲಿಗೆ ಹಬ್ಬುತ್ತಿತ್ತು.

"ಇದನ್ನೆಲ್ಲಾ ಒಂದು ಪದ್ಧತಿಗೆ ತರಬೇಕು," ಎಂದರು ಶಂಭುಲಿಂಗಪ್ಪ.

"ಹಿತ್ತಲಕ್ಕ ಕೈ ಹಚ್ಚಬ್ಯಾಡ್ರಿ. ಯಾವುದು ಎಲ್ಲೈತಿ ಅಂತ ನನಗ ಗೊತ್ತೈತಿ."

"ನಿನಗೊಬ್ಬಾಕಿಗೆ ಗೊತ್ತಿದ್ರ ಆತೇನು? ಬ್ಯಾರೆಯವರಿಗೂ ಗೊತ್ತಾಗಬೇಕು. ಪದ್ಧತಿ ಅಂದ್ರ ಅದು."

"ಬ್ಯಾರೆಯವರಿಗೆ ನಮ್ಮ ಹಿತ್ತಲದಾಗ ಏನು ಕೆಲಸ ಐತ್ರಿ?"

ಶಂಭುಲಿಂಗಪ್ಪ ಕಡತವನ್ನು ಅಲ್ಲಿಗೇ ಬಾಕಿ ಇಟ್ಟರು. ಸಮಯಕ್ಕಾಗಿ ಕಾದರು. ಬಸವ ಜಯಂತಿ ಮುಗಿದ ಮೇಲೆ ಕುಂದಗೋಳದಲ್ಲಿ ಅಣ್ಣನ ಮೊಮ್ಮಗಳ ತೊಟ್ಟಿಲ ಕಾರ್ಯವೆಂದು ಶಿವಗಂಗವ್ವ ಎರಡು ದಿನ ಊರಿಗೆ ಹೊರಟಳು. ಅವಳ ಬಸ್ಸು ತಿರುವು ದಾಟುವುದರೊಳಗೆ ಪೋಸ್ಟಮಾಸ್ತರರು ಧೋತರ ಮೇಲೆತ್ತಿ ಕಟ್ಟಿದ್ದರು.

ಹಳೇ ಡಬ್ಬಿಗಳನ್ನು ಕುದಿಯುವ ನೀರಿನಲ್ಲಿ ತೊಳೆಯದಿದ್ದರೆ ಸಸಿಯ ಬೇರು ಕೊಳೆಯುತ್ತದೆ ಎಂದು ಅವರು ರೇಡಿಯೊದಲ್ಲಿ ಕೇಳಿದ್ದರು. ಹೀಗಾಗಿ ಬಚ್ಚಲ ಒಲೆಗೆ ಹಂಡೆ ಏರಿಸಿದರು. ಮಣ್ಣು ಕೆದರಿದರು, ತಿಕ್ಕಿದರು, ಕುದಿನೀರು ಸುರಿದರು. ಒಟ್ಟು ನಲವತ್ತೊಂದು ಸಾಮಾನು. ಎರಡು ಹಂಡೆ ನೀರಿಗೇ ಒಳಗಿದ್ದ ಕಟ್ಟಿಗೆ ಮುಗಿಯಿತು. ಮೂರನೆಯ ಹಂಡೆಗೆ ಏನು ಮಾಡುವುದೆಂದು ಸುತ್ತ ನೋಡಿದಾಗ ಹಿತ್ತಲ ಗೋಡೆ ಕಂಡಿತು. ಅದರ ಮೇಲೆ ಅಂಗೈಯಗಲದ ಸಗಣಿ ಬಿಲ್ಲೆಗಳು ಇಪ್ಪತ್ತು ಇಪ್ಪತ್ತೈದು, ಯಾರೋ ಕೈಗೆ ಬಂದ ಕಡೆಯಲ್ಲೆಲ್ಲ ಅಂಚೆ ಮುದ್ರೆ ಒತ್ತಿದಂತೆ ಅಂಟಿಕೊಂಡಿದ್ದವು. ಗೋಡೆಯ ಅಂದ ಕೆಡಿಸುವ ಈ ಕುಳ್ಳುಗಳ ಮೇಲೆ ಅವರಿಗೆ ಮೊದಲಿನಿಂದಲೂ ಸಿಟ್ಟಿತ್ತು. ಎಲ್ಲವನ್ನೂ ಕುಡುಗೋಲಿನಿಂದ ಎಬ್ಬಿಸಿ ಒಲೆಗೆ ಹಾಕಿದರು. ಬೆಂಕಿಯಲ್ಲಿ ಚಟಪಟ ಸದ್ದು ಬಂತು. ಚೆನ್ನಾಗಿ ಒಣಗಿವೆ ಎಂದು ಹೆಂಡತಿಯನ್ನು ಮನಸ್ಸಿನಲ್ಲೇ ಮೆಚ್ಚಿಕೊಂಡರು. (ಮನೆಗೆ ಹಿತ್ತಲಿರುವ ಓದುಗರು ಈಗಾಗಲೇ ಎದೆ ಮೇಲೆ ಕೈ ಇಟ್ಟುಕೊಂಡಿರುತ್ತಾರೆ. ಅವರು ಸ್ವಲ್ಪ ತಾಳಬೇಕು.)

ಸಂಜೆಯ ಹೊತ್ತಿಗೆ ಹಿತ್ತಲು ಹೆಡ್ ಪೋಸ್ಟಾಫೀಸಿನಂತೆ ಶೋಭಿಸುತ್ತಿತ್ತು. ಎತ್ತರದ್ದು ಹಿಂದೆ, ಗಿಡ್ಡದ್ದು ಮುಂದೆ. ಪ್ರತಿಯೊಂದಕ್ಕೂ ಸುಣ್ಣದಲ್ಲಿ ಹೆಸರು, ನಂಬರು. ಉಳಿದ ಸುಣ್ಣ ಗೋಡೆಗೆ. ಬಾಜು ಮನೆಯ ರೇವವ್ವ ಬೇಲಿಯ ಮೇಲಿಂದ ಇಣುಕಿದಳು.

"ಅಗದಿ ಛಂದ ಮಾಡೀರಿ ನೋಡ್ರಿ ಕಾಕಾ. ಗ್ವಾಡಿ ಸುದ್ದಾ ಬೆಳ್ಳಗ ಆಗೇತಿ. ಬೀಜ ಎಲ್ಲೆ ತಗದಿಟ್ರಿ?"

"ಯಾವ ಬೀಜ?"

"ಗ್ವಾಡಿಗೆ ಬಡದಿದ್ವಲ್ರಿ, ಆ ಬಿಲ್ಲಿ. ಹುಳಾ ಹತ್ತಬಾರದಂತ ಶಿವಗಂಗವ್ವ ಕಾಕು ಹೀರಿ ಬೀಜ, ಸವತಿ ಬೀಜ ಎಲ್ಲಾ ಸಗಣ್ಯಾಗ ಕಲಸಿ ಬಡದಿರತಾರ."

ಶಂಭುಲಿಂಗಪ್ಪನವರು ಒಲೆಯತ್ತ ನೋಡಿದರು. ಅಲ್ಲಿ ಬೂದಿಯೂ ಇರಲಿಲ್ಲ. ಕೊನೆಯ ಆರು ಡಬ್ಬಿಗಳನ್ನು ಅದರಿಂದಲೇ ತಿಕ್ಕಿದ್ದರು. ಬೋರಲು ಹಾಕಿದ ಹರವಿಯೊಂದರ ಮೇಲೆ ಅವರು ಕುಸಿದು ಕೂತರು. ಸತ್ತ ಅತ್ತೆಯ ಮುಖ, ಬೇಲಿ ತುಂಬ ಹಳದಿ ಹೂವು, ನಾಳೆ ಸಂಜೆ ಬರುವ ಕುಂದಗೋಳದ ಬಸ್ಸು, ಒಂದಾದ ಮೇಲೊಂದು ಕಣ್ಣೆದುರು ಬಂದು ಅವರಿಗೆ ನಿಜವಾಗಿಯೂ ಅಳು ಬಂತು.

"ಈಗೇನು ಮಾಡಲಿ, ರೇವವ್ವ?"

"ಅಂಜಬ್ಯಾಡ್ರಿ. ಕಾಕು ಕೊಟ್ಟ ಹೀರಿ ಬೀಜಾನ ನಮ್ಮ ಗ್ವಾಡಿ ಮ್ಯಾಲೂ ಐತಿ. ಸವತಿ ಬೀಜ ಗುರವ್ವಾಯಿ ಮನ್ಯಾಗ ಅದಾವ."

"ಕೊಟ್ಟು ಪುಣ್ಯಾ ಕಟಗೋವಾ. ಆಕಿಗೆ ಮಾತ್ರ ಹೇಳಬ್ಯಾಡ."

ರೇವವ್ವ ಥಳಥಳಿಸುವ ನಲವತ್ತೊಂದು ಸಾಮಾನುಗಳ ಸಾಲನ್ನು ಆಸೆಯಿಂದ ನೋಡಿದಳು. "ನಾ ಯಾಕ ಹೇಳಲ್ರಿ? ಬಿಲ್ಲಿ ಕೊಡತೀನಿ. ನಮ್ಮ ಹಿತ್ತಲದ ಡಬ್ಬಿನೂ ಒಂದೀಟು ಹಿಂಗ ಮಾಡಿಕೊಟ್ರ ಭಾಳ ಉಪಕಾರ ಆಗತೈತಿ. ಕೆಲಸ ಮುಗದ ದಿನಾನ ಬಿಲ್ಲಿ ನಿಮ್ಮ ಕೈಯಾಗ."

ರೇವವ್ವನ ಒಂದೀಟು ಎಂದರೆ ಮೂವತ್ತಾರು ಡಬ್ಬಿ. ಅರ್ಧವೂ ಮುಗಿಯುವುದರೊಳಗೆ ಶಿವಗಂಗವ್ವ ಬಸ್ಸಿಳಿದು ಮನೆಗೆ ಬಂದಳು. ಹಿತ್ತಲಿಗೆ ಹೋಗಿ ಬಿಳಿ ಗೋಡೆಯನ್ನು ಬಹಳ ಹೊತ್ತು ನೋಡಿದಳು.

"ಸುಣ್ಣಾ ಹಚ್ಚೀರಿ," ಎಂದಳು.

"ಹೂಂ."

"ಛಲೋ ಆತು."

ಅಷ್ಟೇ. ಬೀಜದ ಮಾತೇ ಇಲ್ಲ. ಅವರು ಬಾಯಿಪಾಠ ಮಾಡಿಟ್ಟುಕೊಂಡಿದ್ದ ಮೂರು ಸುಳ್ಳುಗಳಲ್ಲಿ ಒಂದಕ್ಕೂ ಕೆಲಸ ಬೀಳಲಿಲ್ಲ. ಪ್ರಯಾಣದ ದಣಿವಿನಲ್ಲಿ ಮರೆತಿದ್ದಾಳೆ, ನೆನಪಾಗುವುದರೊಳಗೆ ಬಿಲ್ಲೆಗಳನ್ನು ತಂದು ಗೋಡೆಗೆ ಹಚ್ಚಿಬಿಡಬೇಕು ಎಂದು ಲೆಕ್ಕ ಹಾಕಿದರು. ಅಂದಿನಿಂದ ಅಪ್ಪಿತಪ್ಪಿಯೂ ಹಿತ್ತಲಿನ ಮಾತೆತ್ತಲಿಲ್ಲ. ಬಚ್ಚಲಿಗೆ ಹೋದರೂ ತಲೆ ಬಗ್ಗಿಸಿಕೊಂಡು ಹೋಗಿ ತಲೆ ಬಗ್ಗಿಸಿಕೊಂಡು ಬರುತ್ತಿದ್ದರು.

ದಿನಾ ಉಂಡ ಕೂಡಲೇ "ಗುಡಿ ಕಟ್ಟಿ ಮ್ಯಾಲ ಕುಂತು ಬರತೀನಿ" ಎಂದು ಹೊರಡುವುದು, ಹಿಂದಿನ ಸಂದಿಯಿಂದ ರೇವವ್ವನ ಹಿತ್ತಲು ಸೇರುವುದು. ಅಲ್ಲಿ ಮುಗಿದ ಮೇಲೆ ಗುರವ್ವಾಯಿಯ ಮನೆ. ಎಪ್ಪತ್ತು ದಾಟಿದ ಗುರವ್ವಾಯಿ ಕಟ್ಟೆ ಮೇಲೆ ಎಲಿಅಡಕಿ ಮೆಲ್ಲುತ್ತ ಕೂತು ಮೇಲ್ವಿಚಾರಣೆ ಮಾಡುತ್ತಿದ್ದಳು.

"ಬುಡ ತಿಕ್ಕೋ ತಮ್ಮಾ, ಬುಡ. ಬರೇ ಮಾರಿ ತೊಳದ್ರ ಆತೇನು? ಮತ್ತ ಹೆಸರೂ ಬರಿ."

"ನಿನಗ ಓದಾಕ ಬರೂದಿಲ್ಲಲ್ಲಬೇ."

"ನನಗ ಬರದಿದ್ರ ಏನಾತು? ಬ್ಯಾರೆಯವರಿಗೆ ಗೊತ್ತಾಗಬೇಕಲ್ಲ."

ಈ ಮಾತನ್ನು ಎಲ್ಲೋ ಕೇಳಿದಂತಾಯಿತು. ಆದರೆ ಬಿಸಿನೀರಿನ ಹಬೆಯಲ್ಲಿ ಅದರ ಬಗ್ಗೆ ಯೋಚಿಸಲು ಪುರಸೊತ್ತು ಸಿಗಲಿಲ್ಲ.

ಎಂಟನೆಯ ದಿನದ ಹೊತ್ತಿಗೆ ಒಟ್ಟು ಹತ್ತು ಬಿಲ್ಲೆ ಕೈಸೇರಿದ್ದವು. ಆರು ಹೀರೆ, ನಾಲ್ಕು ಸವತೆ. ಹೆಂಡತಿ ಅಡುಗೆಮನೆಯಲ್ಲಿದ್ದಾಳೆ ಎಂದು ಖಾತ್ರಿ ಮಾಡಿಕೊಂಡು, ಹಸಿ ಸಗಣಿ ಮೆತ್ತಿ ಒಂದೊಂದನ್ನೇ ಗೋಡೆಗೆ ಒತ್ತತೊಡಗಿದರು. ಆರನೆಯದನ್ನು ಒತ್ತುವಾಗ ಬೆನ್ನ ಹಿಂದೆ ಬಳೆ ಸದ್ದಾಯಿತು.

"ಏನು ಬಡಿಯಾಕ ಹತ್ತೀರಿ?"

ಶಂಭುಲಿಂಗಪ್ಪನವರಿಗೆ ಇನ್ನು ಸುಳ್ಳು ಹೇಳುವುದಾಗಲಿಲ್ಲ. "ನಿಮ್ಮವ್ವನ ಹೀರಿ ಬೀಜ ನಾನ ಸುಟ್ಟೆ. ಗೊತ್ತಿರಲಿಲ್ಲ. ಇವು ರೇವವ್ವ ಕೊಟ್ಟದ್ದು, ಅದ ತಳಿ. ನನ್ನ ಮ್ಯಾಲ ಸಿಟ್ಟಾಗಬ್ಯಾಡ," ಎಂದರು.

ಶಿವಗಂಗವ್ವ ಅವರನ್ನು ಹಿಂದಿನ ಚಪ್ಪರದ ಮೂಲೆಗೆ ಕರೆದುಕೊಂಡು ಹೋಗಿ, ಮಾವಿನಹಣ್ಣಿನ ಪೆಟ್ಟಿಗೆಗಳ ಮೇಲೆ ಹೊದಿಸಿದ್ದ ಹಸಿ ಗೋಣಿಚೀಲ ಸರಿಸಿದಳು. ಸಾಲಾಗಿ ಎರಡೆರಡು ಎಲೆಯ ಹೀರೆ ಸಸಿ ಎದ್ದು ನಿಂತಿದ್ದವು.

"ನಾ ಬಸ್ ಇಳದ ದಿನಾನ ರೇವವ್ವ ಓಡಿ ಬಂದು ಬೀಜ ಕೊಟ್ಟಳು. ಮರುದಿನ ಊರಿದೆ."

ಅವರು ಎಂಟು ದಿನದಲ್ಲಿ ಮೊದಲ ಸಲ ನಿರಾಳವಾಗಿ ಉಸಿರು ಬಿಟ್ಟರು. ಬಗ್ಗಿ ಒಂದು ಸಸಿಯನ್ನು ಬೆರಳಿನಿಂದ ಮುಟ್ಟಿದರು. ಆಮೇಲೆ ನಿಧಾನವಾಗಿ ಉಳಿದ ಲೆಕ್ಕ ತಲೆಗೆ ಬಂತು.

"ಹಂಗಾದ್ರ ಎಂಟು ದಿನ ನಾ ತಿಕ್ಕಿದ್ದು?"

"ರೇವವ್ವ, ಗುರವ್ವಾಯಿ ಇಬ್ರೂ ಕೂಡಿ ಬಂದು ಕೇಳಿಕೊಂಡ್ರು. ಮಾಸ್ತರು ಕೆಲಸ ಭಾಳ ಛಲೋ ಮಾಡತಾರ, ಎಂಟು ದಿನ ಬಿಟ್ಟುಕೊಡ್ರಿ ಅಂತ. ಒಲ್ಲೆ ಅನ್ನಾಕ ನನಗ ಮನಸಾಗಲಿಲ್ಲ," ಎಂದು ಶಿವಗಂಗವ್ವ ಚೀಲ ಮತ್ತೆ ಹೊದಿಸಿದಳು. "ಬರ್ರಿ, ಚಾ ಮಾಡೀನಿ. ಕುಡದು ಲಗೂನ ಹೋಗ್ರಿ. ಮ್ಯಾಲಿನ ಓಣಿ ಸಾವಂತ್ರೆವ್ವ ಐವತ್ತೆರಡು ಡಬ್ಬಿ ಹೊರಗ ತಗದಿಟಗೊಂಡು ಕುಂತಾಳಂತ."