ನಸುಕಿನ ಪೆಟ್ರೋಲು

ನಮ್ಮ ಮನಿಯವರ ಕಿವ್ಯಾಗ ಈ ಪೆಟ್ರೋಲಿನ ಉಪದೇಶ ಊದಿದ ಪುಣ್ಯಾತ್ಮ ಯಾವನೇ ಇರಲಿ, ಕೈಗಿ ಸಿಕ್ಕರ ಲಟ್ಟಣಿಗಿ ತಗೊಂಡೇ ಮಾತಾಡಸ್ತೀನಿ ಅಂತ ನಾ ಅಂದಿದ್ದೆ. ಮನ್ಯಾಗ ಅಂದಿದ್ದು, ಸೇಡಂದ ನಮ್ಮ ಓಣಿ ಪೂರ್ತಿ ಕೇಳಿತ್ತು. ನನಗ ಸಿಟ್ಟು ಬಂತಂದ್ರ ದನಿ ನನ್ನ ಕೈಯಾಗ ಇರಂಗಿಲ್ಲ.

ಉಪದೇಶ ಏನಪಾ ಅಂದ್ರ, ಪೆಟ್ರೋಲ್ ನಸುಕಿನ್ಯಾಗೇ ಹಾಕಿಸಬೇಕಂತ. ತಂಪಿಗಿ ಅದು ಗಟ್ಟಿಯಾಗಿ ಕುಂತಿರ್ತದ, ಬಿಸಲಿಗಿ ಉಬ್ಬತದ, ಮಧ್ಯಾಹ್ನ ಹಾಕಿಸಿದವರು ಬರೇ ಉಬ್ಬು ತುಂಬಿಸ್ಕೊಂಡು ಬರ್ತಾರ ಅಂತ. ಪಂಪಿನವ ಸಾವಕಾಶ ಹಾಕಬೇಕಂತ, ಜೋರ್ ಬಿಟ್ರ ಅರ್ಧ ಆವಿಯಾಗಿ ಹೋಗ್ತದಂತ. ಟ್ಯಾಂಕರ್ ಬಂದು ಸುರೀಲಿಕತ್ತಿದ್ರ ಮುಟ್ಟಲೇಬಾರದು, ತಳದ ಕೆಸರು ಎದ್ದಿರ್ತದ. ಕಡೀಕ, ಸೇರಿನ್ಯಾಗ ಜೋಳ ಕುಕ್ಕಿ ತುಂಬಿದಂಗ, ಗಾಡಿ ಅಲುಗಾಡಿಸಿ ಬಾಯಿತನಕ ತುಂಬಬೇಕು. ಸಂಧ್ಯಾವಂದನಿಗಿ ಎಂದೂ ನಸುಕಿನ್ಯಾಗ ಏಳದ ನಮ್ಮ ಪ್ರಹ್ಲಾದರಾಯರು (ಹೆಸರು ಹೇಳಬಾರದು, ಸಿಟ್ಟಿಗಿ ಬಂತು) ಒಂದು ಹಳೇ ಮಾರುತಿ ಸಲುವಾಗಿ ಕೋಳಿಗಿಂತ ಮೊದಲ ಏಳಲಿಕ್ಕೆ ಹತ್ತಿದರು.

"ಯಾರು ಹೇಳಿದ್ರಿ ನಿಮಗ ಇದನ್ನ?"

"ತಿಳದವರು ಹೇಳ್ಯಾರ. ಹೆಸರು ಹೇಳಿದ್ರ ನೀ ಬಾಯಿ ಮಾಡ್ತಿ."

"ಮಾಡ್ತೀನಿ ಮತ್ತ! ಬಿಡ್ತೀನೇನು?"

"ಅದಕ್ಕೇ ಹೇಳಂಗಿಲ್ಲ."

ಇಷ್ಟಕ್ಕೇ ಮುಗದಿದ್ರ ಹಲ್ಲು ಕಚ್ಚಿ ಸುಮ್ಮನಿರ್ತಿದ್ದೆ. ಆದ್ರ ಆ ವರ್ಷ ಅಧಿಕ ಜ್ಯೇಷ್ಠ ಬಂತು. ಮಗಳು ಪ್ರಮಿತಾಗ ಲಗ್ನ ಆದಮ್ಯಾಲ ಇದೇ ಮೊದಲನೇ ಅಧಿಕಮಾಸ. ಮಗಳಿಗೂ ಅಳಿಯ ಸುಜಯಗೂ ಅಕ್ಕಿಹಿಟ್ಟು ಬೆಲ್ಲದಾಗ ಕರದ ಮೂವತ್ಮೂರು ಅನಾರಸ ತಾಟಿನ್ಯಾಗ ಜೋಡಿಸಿ, ಮ್ಯಾಲ ತುಪ್ಪದ ದೀಪ ಹಚ್ಚಿ, ನಾವು ಗಂಡ ಹೆಂಡತಿ ಕೂಡಿ ದಾನ ಕೊಡಬೇಕು. ಬೀಗರ ಮನಿ ಚಿತ್ತಾಪುರದಾಗ. ಭಾಳ ಮಡಿವಂತರು, ದಾನ ಆಗೂತನಕ ಆ ಮನ್ಯಾಗ ಯಾರೂ ತುತ್ತು ಬಾಯಿಗಿ ಹಾಕಂಗಿಲ್ಲ. ಹೊತ್ತಾತಂದ್ರ ನಮಗೇನೂ ಅನ್ನಂಗಿಲ್ಲ ಅವರು, ನಗನಗತಾ ಊಟಕ್ಕ ಬಡಸ್ತಾರ. ಅನ್ನೂದೆಲ್ಲಾ ನಾವು ಹೊಳ್ಳಿ ಬಂದಮ್ಯಾಲ ನಮ್ಮ ಹುಡುಗಿಗಿ. ನನಗ ಇದ್ದದ್ದು ಅದೊಂದೇ ಅಂಜಿಕಿ.

ನಸುಕಿನ್ಯಾಗೇ ಹೊಂಟೆವು. ಪಂಪಿಗಿ ಹೋದ್ರ, ಏನು ನಸೀಬ, ಟ್ಯಾಂಕರ್ ನಿಂತಿತ್ತು. ಇವರು ಗಾಡಿ ಬಂದ್ ಮಾಡಿ ಕೈ ಕಟ್ಕೊಂಡು ಕುಂತರು.

"ಹಾಕಸ್ರೀ ಜಲ್ದಿ!"

"ಕೆಸರು ಕೆಳಗ ಕೂಡಲಿ."

"ಅಲ್ಲೆ ಬೀಗರು ಹಸಕೊಂಡು ಕೂತಿರ್ತಾರ್ರೀ!"

"ಕೆಸರು ಇಂಜಿನ್ ಹೊಕ್ರ ಬೀಗರು ಬಂದು ನೂಕ್ತಾರೇನು?"

ಕೆಸರು ಕೂಡೂದ್ರಾಗ ನಸುಕು ಹರದು, ಬಿಸಲು ಬಿದ್ದು, ಗಾಡಿ ತಗಡು ಕಾಯಲಿಕ್ಕೆ ಹತ್ತಿತ್ತು. ಒಂದು ಉಪದೇಶ ಇನ್ನೊಂದನ್ನ ನುಂಗಿ ನೀರು ಕುಡದಿತ್ತು. ಆಮ್ಯಾಲ ಪಂಪಿನ ನಬೀಸಾಬ್ ನಳಿಗಿ ಹಿಡದ.

"ಸಾವಕಾಶೋ ನಬೀಸಾಬ್, ಕೂಸಿಗಿ ಹಾಲು ಕುಡಿಸಿದಂಗ," ಅಂದರು ಇವರು. ಅಂದು, ಹಿಂದ ನಿಂತು ಗಾಡಿ ಅಲುಗಾಡಸಲಿಕ್ಕೆ ಹತ್ತಿದರು. ನಾನು ಇರಕಲ್ ಸೀರಿ ಉಟ್ಕೊಂಡು, ಅನಾರಸದ ಡಬ್ಬಿ ಎದಿಗಿ ಅವಚಿಕೊಂಡು ಒಳಗೇ ಕುಂತಿದ್ದೆ.

"ಏ ಪದ್ಮಾ, ನೀನೂ ಒಳಗ ಸ್ವಲ್ಪ ಕುಣಿ. ಗಾಳಿ ಹೊರಗ ಹೋಗ್ಲಿ."

"ಕುಣೀಲೇನು? ನಿಮ್ಮ ತಲಿ ಮ್ಯಾಲ ಕುಣೀತೀನಿ ಮನಿಗಿ ನಡೀರಿ!"

ನಬೀಸಾಬ್ ಆ ಕಡಿ ಮುಖ ಹೊರಳಿಸಿ ನಕ್ಕ. ನನಗ ಭೂಮಿ ಬಾಯಿ ಬಿಟ್ರ ಸಾಕು ಅನ್ನಿಸಿತು.

ಮಳಖೇಡ ದಾಟಿದ ಮ್ಯಾಲ ರೈಲ್ವೆ ಗೇಟು ಬಿದ್ದಿತ್ತು. ಸಿಮೆಂಟಿನ ಗೂಡ್ಸ್ ಗಾಡಿ, ಬರ್ಲಿಕತ್ತದ ಅಂದ್ರ ಬರ್ಲಿಕತ್ತದ, ಮುಗಿಯೂ ಹಂಗೇ ಇಲ್ಲ. ಮ್ಯಾಲ ಜ್ಯೇಷ್ಠದ ಬಿಸಲು. ಅಷ್ಟರಾಗ ಬಾಜೂ ಟ್ರ್ಯಾಕ್ಟರಿನವ ಒದರಿದ, "ಅಣ್ಣಾರ, ಪೆಟ್ರೋಲ್ ಸೋರ್ಲಿಕತ್ತದ ನೋಡ್ರಿ!"

ಸೋರದೇ ಏನು ಮಾಡ್ತದ? ಬಾಯಿತನಕ ಕುಕ್ಕಿ ತುಂಬಿದ್ದು, ಬಿಸಲಿಗಿ ಉಬ್ಬಿ, ಜಾಗ ಇಲ್ಲದ ಹೊರಗ ಬಂದಿತ್ತು. ಇವರು ಓಡಿ ಹೋಗಿ ಮುಚ್ಚಳ ತೆಗದರು. ಬುಸಕ್ ಅಂತ ಹಾರಿ ಧೋತರದ ಮ್ಯಾಲೇ ಬಿತ್ತು. ಒರಸಲಿಕ್ಕೆ ಬ್ಯಾರೇನೂ ಸಿಗದೆ, ದಾನಕ್ಕಂತ ಹೊದ್ದಿದ್ದ ಹೊಸಾ ಉಪರಣಿಲೇ ಒರಸಿದರು.

"ನೋಡಿದೇನು? ಉಬ್ಬತದ ಅಂತ ನಾ ಹೇಳಿರಲಿಲ್ಲೇನು?" ಅಂತ ಮ್ಯಾಲ ಅವರದೇ ಗೆದ್ದ ಮುಖ! ನಾ ಡಬ್ಬಿ ಎತ್ತಿ ಅವರ ತಲಿಮ್ಯಾಲ ಹಾಕ್ತಿದ್ದೆ, ಅನಾರಸ ಒಡದೀತಂತ ಬಿಟ್ಟೆ.

ಚಿತ್ತಾಪುರ ಮುಟ್ಟೂದ್ರಾಗ ಮಧ್ಯಾಹ್ನ. ಪ್ರಮಿತಾ ಬಾಗಿಲದಾಗೇ ನಿಂತಿದ್ದಳು, ಮುಖ ಬಾಡಿತ್ತು. ಒಳಗ ಬೀಗರು ರಘುವೀರರಾಯರು, ಬೀಗಿತ್ತಿ ರುಕ್ಮಿಣಿಬಾಯಿ, ಅಳಿಯ, ಎಲ್ಲಾರೂ ಹಸದು ಕೂತಿದ್ದರು. ಲಗೂನ ತಾಟು ಜೋಡಿಸಿ ದೀಪ ಹಚ್ಚಬೇಕು, ರುಕ್ಮಿಣಿಬಾಯಿ ಮೂಗು ಅರಳಿಸಿದರು.

"ಏನೋ ವಾಸನಿ ಬರ್ಲಿಕತ್ತದಲ್ರೀ?" ಅಂದವರೇ ನಮ್ಮವರನ್ನ ನೋಡಿ ಕಡ್ಡಿಪೆಟ್ಟಿಗಿ ಹಿಂದ ಮುಚ್ಚಿಟ್ಟರು. "ಅಯ್ಯ, ದೂರ ಸರೀರಿ ಮೊದಲ! ಸ್ನಾನ ಮಾಡಿ ಬ್ಯಾರೆ ಧೋತರ ಉಡ್ರಿ. ಅಲ್ಲೀತನಕ ದೀಪ ಹಚ್ಚಂಗಿಲ್ಲ."

ಇನ್ನೂ ಹೊತ್ತು! ಹಸದವರ ಮುಂದ! ನನ್ನ ತಾಳ್ಮಿ ಹರಕೊಂಡು ಹೋತು.

"ನಮ್ಮವರದೇನೂ ತಪ್ಪಿಲ್ರೀ ವೈನಿ," ಅಂದೆ. "ಯಾವನೋ ತಲಿಕೆಟ್ಟವ ಹೇಳ್ಯಾನ ಇವರಿಗಿ, ನಸುಕಿನ್ಯಾಗೇ ಪೆಟ್ರೋಲ್ ಹಾಕಸು, ಗಾಡಿ ಕುಣಸು ಅಂತ. ಪೆಟ್ರೋಲೇನು ಅಂಗಳದಾಗ ಕೊಡ ತುಂಬಿ ಇಟ್ಟಿರ್ತಾರೇನ್ರಿ? ಹಗೇದಾಗ ಜೋಳ ಇಟ್ಟಂಗ ನೆಲದೊಳಗ ಇಟ್ಟಿರ್ತಾರ. ನಸುಕಿಗೂ ಅಷ್ಟೇ, ಮಧ್ಯಾಹ್ನಕ್ಕೂ ಅಷ್ಟೇ. ಸಾಲಿ ಹುಡುಗರಿಗಿ ತಿಳಿತದ ಇದು! ಹೇಳಿದವಗ ಅಷ್ಟೂ ಅಕ್ಕಲ್ ಬ್ಯಾಡೇನು?"

ಪ್ರಮಿತಾ ಕಣ್ಣು ಮಾಡಿದಳು. ಅಪ್ಪನ ಸಲುವಾಗಿ ನಾಚಿಕಿ ಬಂದದ ಪಾಪ ಅಂದ್ಕೊಂಡೆ. ನಮ್ಮವರು ಕೆಮ್ಮಿದರು. ಪೆಟ್ರೋಲಿನ ಘಾಟು ಅಂದ್ಕೊಂಡೆ. "ಅವನ ಹೆಸರೊಂದು ತಿಳೀಲಿ," ಅಂದೆ, "ಲಟ್ಟಣಿಗಿ ತಗೊಂಡು ಅವನ ಮನಿಗೇ ಹೋಗ್ತೀನಿ."

"ಬಂದೀರಲ್ರೀ," ಅಂದರು ರಘುವೀರರಾಯರು, ಭಾಳ ಶಾಂತ ದನೀಲೆ. "ಪ್ರಹ್ಲಾದರಾಯರಿಗಿ ಹೇಳಿದವ ನಾನೇ. ಲಟ್ಟಣಿಗಿ ಅಡಗಿಮನ್ಯಾಗ ಅದ."

ನಾ ಪ್ರಮಿತಾನ ಮುಖ ನೋಡಿದೆ. ಆ ಹುಡುಗಿ ಈ ಮನ್ಯಾಗ ಬಾಳಬೇಕಲ್ರೀ! ನನ್ನ ಸಿಟ್ಟು ಎಲ್ಲಿ ಹೋತೋ, ಬಾಯಿ ತಾನೇ ಅಂತು, "ಅಯ್ಯ, ನೀವ್ ಹೇಳಿದ್ದೇನ್ರೀ? ಹಂಗಾದ್ರ ಖರೇನೇ ಇರಬೇಕ್ರಿ. ಇವರೇ ಬರೋಬ್ಬರಿ ಮಾಡಿಲ್ಲ ನೋಡ್ರಿ!"

ಪೆಟ್ರೋಲ್ ನಾರೂ ಧೋತರದಾಗೇ ನಿಂತ ನಮ್ಮವರು ನನ್ನ ಕಡಿ ನೋಡಿದ ನೋಟ ನಾ ಇನ್ನೂ ಮರತಿಲ್ಲ.

"ಹೌದ್ರಿ, ಪದ್ಧತಿ ತಪ್ಪ್ಯದ," ಅಂದರು ರಘುವೀರರಾಯರು, ಮುಖ ಅರಳಿಸಿ. "ಇವತ್ತ ಹೋಗಬ್ಯಾಡ್ರಿ. ನಾಳೆ ನಸುಕಿನ್ಯಾಗ ನಾನೇ ಬಂದು ತೋರಸ್ತೀನಿ."

ದಾನ ಆತು, ಊಟ ಆತು, ಪ್ರಮಿತಾನ ಮುಖಕ್ಕ ಕಳಿ ಬಂತು. ಮರುದಿನ ಕತ್ತಲದಾಗೇ ನಮ್ಮ ಮಾರುತಿ ಚಿತ್ತಾಪುರದ ಪಂಪಿನ್ಯಾಗ ನಿಂತಿತ್ತು. ಹಿಂದ ಬೀಗರು ಒಂದು ಕಡಿ, ನಮ್ಮವರು ಒಂದು ಕಡಿ ಹಿಡದು ಅಲುಗಾಡಸಲಿಕತ್ತಿದ್ದರು. ನಾ ಒಳಗ ಕುಂತಿದ್ದೆ.

"ಪದ್ಮಜಾಬಾಯಿ," ಅಂದರು ರಘುವೀರರಾಯರು ಖಿಡಕಿಯೊಳಗ ಬಗ್ಗಿ, ಭಾಳ ಮರ್ಯಾದೀಲೆ. "ತಪ್ಪು ತಿಳಕೋಬ್ಯಾಡ್ರಿ. ನೀವೂ ಒಳಗ ಸ್ವಲ್ಪ ಅಲುಗಾಡಿದ್ರ, ಗಾಳಿ ಹೊರಗ ಹೋಗ್ತದ."

ಕುಣದೆ.